ಒಪ್ಪೋಲೆಯ ಅರವತ್ತನಾಲ್ಕನೆಯ ತಪ್ಪು

ದಿನಾಂಕವಿಲ್ಲದೆ ನಮ್ಮ ಜನ ಒಂದು ಹೆಜ್ಜೆ ಇಡುವುದಿಲ್ಲ. ಆದರೆ ಆ ದಿನಾಂಕ ಸರಿಯೇ ಎಂದು ನೋಡುವ ವ್ಯವಧಾನ ಮಾತ್ರ ಯಾರಿಗೂ ಇಲ್ಲ. ಲಗ್ನಪತ್ರಿಕೆಯಲ್ಲಿ ಬುಧವಾರವೆಂದು ಅಚ್ಚಾದ ತಾರೀಖು ಗುರುವಾರ ಬೀಳುತ್ತದೆ. ದಶಮಿ ಎಂದಿರುವುದು ಪಂಚಾಂಗದಲ್ಲಿ ಏಕಾದಶಿಯಾಗಿರುತ್ತದೆ. ಊಟಕ್ಕೆ ಹೋಗುವವರಿಗೆ ಇದರ ಚಿಂತೆಯಿಲ್ಲ, ಕಲ್ಯಾಣ ಮಂಟಪದ ಮುಂದೆ ಚಪ್ಪಲಿ ಕಂಡ ದಿನ ಒಳಗೆ ಹೋಗಿ ಉಂಡು ಬರುತ್ತಾರೆ. ನನಗೆ ಚಿಂತೆಯಿದೆ. ಕಮಲಾಪುರದ ಪರಿಚಿತರೊಬ್ಬರಿಗೆ ಫೋನು ಮಾಡಿ, ಪತ್ರಿಕೆಯ ಪ್ರಕಾರ ನಿಮ್ಮ ಮಗಳ ಮದುವೆ ನಡೆಯಲಾರದು, ಏಕೆಂದರೆ ಅಂಥದೊಂದು ಬುಧವಾರ ಈ ವರ್ಷದಲ್ಲಿಯೇ ಇಲ್ಲ ಎಂದು ಒಮ್ಮೆ ತಿಳಿಸಿದ್ದೆ. ಅವರು, "ಹಂಗಾದ್ರ ನೀವು ಬರಬ್ಯಾಡ್ರಿ" ಎಂದರು. ಮದುವೆ ನಡೆಯಿತು, ಈಗ ಅವರಿಗೆ ಇಬ್ಬರು ಮೊಮ್ಮಕ್ಕಳು. ತಪ್ಪು ತಾರೀಖಿನಿಂದಲೂ ಸರಿಯಾದ ಸಂಗತಿಗಳು ಹುಟ್ಟಬಹುದೆಂದು ಒಪ್ಪಿಕೊಳ್ಳಲು ನಾನು ಆಗ ಸಿದ್ಧನಿರಲಿಲ್ಲ.

ವೃತ್ತಿಯಿಂದ ನಾನು ಭೂವಿಜ್ಞಾನಿ. ಬಂಡೆಗಳ ವಯಸ್ಸನ್ನು ಕಂಡುಹಿಡಿಯುವುದು ನನ್ನ ಕೆಲಸವಾಗಿತ್ತು. ನಿವೃತ್ತನಾಗಿ ಹೊಸಪೇಟೆಗೆ ಬಂದ ಮೇಲೆ ಈ ಕೆಲಸವನ್ನು ಊರವರಿಗೆ ವಿವರಿಸುವ ಪ್ರಯತ್ನವನ್ನು ಎರಡೇ ತಿಂಗಳಲ್ಲಿ ಕೈಬಿಟ್ಟೆ. ಕಲ್ಲಿನ ಸಂಶೋಧನೆ ಎಂದೊಡನೆ ಒಬ್ಬರು ಸಂಡೂರಿನ ಅದಿರಿನ ದರ ಕೇಳುತ್ತಾರೆ. ಇನ್ನೊಬ್ಬರು ಕನಿಕರದಿಂದ, "ನಮ್ಮ ಅಳಿಯಗೂ ಕಲ್ಲು ಆಗಿದ್ವು ನೋಡ್ರಿ, ಬಾಳೆದಿಂಡಿನ ರಸ ಕುಡುದು ಕರಗಿಸಿದ" ಎನ್ನುತ್ತಾರೆ. ಇಂಥ ಊರಿನಲ್ಲಿ ನನ್ನ ವಿದ್ವತ್ತನ್ನು ಗುರುತಿಸಿದ ಏಕೈಕ ವ್ಯಕ್ತಿ ಕಾಲೇಜಿನ ಅಧ್ಯಾಪಕ ಕೊಟ್ರೇಶ. ಗುರುತಿಸಿದ ಕಾರಣವೂ ಸ್ಪಷ್ಟವಾಗಿತ್ತು. ಅವನ ಕಾಲೇಜಿನಲ್ಲಿ ಒಂದು ಅಂತಾರಾಷ್ಟ್ರೀಯ ವಿಚಾರ ಸಂಕಿರಣ ನಡೆಯುವುದಿತ್ತು. ಅದರ ಸ್ಮರಣ ಸಂಚಿಕೆಯ ಕರಡು ತಿದ್ದಿ, ಮುನ್ನುಡಿ ಬರೆಯಲು ಪುಕ್ಕಟೆಯಾಗಿ ಒಬ್ಬ ನಿವೃತ್ತ ವಿದ್ವಾಂಸ ಬೇಕಾಗಿದ್ದ.

"ಅಂತಾರಾಷ್ಟ್ರೀಯ ಹೇಗಪ್ಪ?" ಎಂದು ಕೇಳಿದೆ.

"ನಮ್ಮ ಚಿಕ್ಕಪ್ಪನ ಅಳಿಯ ದುಬೈನ್ಯಾಗ ಅದಾನ್ರಿ ಸಾರ್. ಆನ್‌ಲೈನ್ ಬರ್ತಾನ."

ದುಬೈನ ಆ ಅಳಿಯ ಸಂಕಿರಣದ ದಿನ ನಿಜಕ್ಕೂ ಪರದೆಯ ಮೇಲೆ ಬಂದ. ಏಳು ನಿಮಿಷ "ಕೇಳಸ್ತೈತೇನ್ರಿ? ಹಲೋ, ಕೇಳಸ್ತೈತೇನ್ರಿ?" ಎಂದು ಮಾತಾಡಿ ಮರೆಯಾದ. ಅಂದು ಮಂಡನೆಯಾದ ವಿಷಯಗಳಲ್ಲಿ ಅಷ್ಟು ಸಂಕ್ಷಿಪ್ತವೂ ತಪ್ಪಿಲ್ಲದ್ದೂ ಮತ್ತೊಂದಿರಲಿಲ್ಲ.

ಸಂಚಿಕೆಯ ಹೆಸರು "ಅಣುವಿನಿಂದ ಹೃದಯದವರೆಗೆ". ನಡುವೆ ಭೂಗೋಳ, ಖಗೋಳ, ಬಾಳೆಯ ಸುಳಿರೋಗ, ಏನುಂಟು ಏನಿಲ್ಲ. ಮೊದಲನೆಯದು ಪರಮಾಣು ಸೇಫ್‌ಗಾರ್ಡ್ಸ್ ಕುರಿತ ಪ್ರಬಂಧ. ಈ ವ್ಯವಸ್ಥೆಯ ಅರ್ಥ ಸರಳ: ಒಂದು ದೇಶ ತನ್ನಲ್ಲಿ ಇಷ್ಟು ಯುರೇನಿಯಂ ಇದೆಯೆಂದು ಬರೆದುಕೊಟ್ಟರೆ ಅದನ್ನು ನಂಬದೆ, ಪರಿಶೀಲಕರು ಖುದ್ದಾಗಿ ಹೋಗಿ, ಡಬ್ಬಿಯ ಮುದ್ರೆ ನೋಡಿ, ತೂಕ ಹಾಕಿ, ಒಂದು ಗ್ರಾಂ ಕೂಡ ಬೇರೆಲ್ಲಿಗೂ ಹೋಗಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ನಮ್ಮ ಪ್ರಬಂಧಕಾರರು ಆ ಪದವನ್ನು ಮೊಬೈಲಿನಿಂದ ಕನ್ನಡಕ್ಕೆ ತಂದು "ಪರಮಾಣು ಕಾವಲುಗಾರರು" ಎಂದು ಮಾಡಿಕೊಂಡಿದ್ದರು. ಆಮೇಲೆ ಅವರಿಗೆ ದಾರಿ ಸಲೀಸಾಯಿತು. ಸ್ಥಾವರದ ಕಾವಲುಗಾರರಿಗೆ ಟಾರ್ಚು, ಶಿಳ್ಳೆ, ವರ್ಷಕ್ಕೆರಡು ಜೊತೆ ಸಮವಸ್ತ್ರ ಕೊಡಬೇಕೆಂದು ಜಗತ್ತಿನ ರಾಷ್ಟ್ರಗಳಿಗೆಲ್ಲ ಶಿಫಾರಸು ಮಾಡಿ ಪ್ರಬಂಧ ಮುಗಿಸಿದ್ದರು. ನಾನು ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದೆ: "ಸೇಫ್‌ಗಾರ್ಡ್ಸ್ ಎಂದರೆ, ಹೇಳಿದ್ದನ್ನು ನಂಬದೆ ಹೋಗಿ ಎಣಿಸಿ ನೋಡುವುದು." ಆ ಹಾಳೆಯನ್ನು ಊಟದ ಮೇಜಿನ ಮೇಲೆ ಬಿಟ್ಟದ್ದು ತಪ್ಪಾಯಿತು. ನನ್ನ ಹೆಂಡತಿ ಅನ್ನಪೂರ್ಣ ಮೇಜು ಒರೆಸುವಾಗ ಸಿಕ್ಕಿದ್ದನ್ನೆಲ್ಲ ಓದುವವಳು.

ಎರಡನೆಯದು ನನ್ನದೇ ಕ್ಷೇತ್ರದ್ದು, ಸಂಡೂರಿನ ಬಂಡೆಗಳ ಬಗ್ಗೆ. ಅವುಗಳ ವಯಸ್ಸು ಸುಮಾರು ಇನ್ನೂರ ಎಪ್ಪತ್ತು ಕೋಟಿ ವರ್ಷ. ಪ್ರಬಂಧದಲ್ಲಿ "ದಶಲಕ್ಷ" ಎಂಬ ಒಂದು ಪದ ಬಿಟ್ಟುಹೋಗಿ ಅದು ಎರಡು ಸಾವಿರದ ಏಳುನೂರು ವರ್ಷಕ್ಕೆ ಇಳಿದಿತ್ತು. ಆ ಲೆಕ್ಕದಲ್ಲಿ ಬೆಟ್ಟ ಮೇಲೇಳುವುದನ್ನು ಬುದ್ಧನ ಮುತ್ತಜ್ಜ ಹಜಾರದಲ್ಲಿ ಕುಳಿತು ನೋಡಿರಬೇಕು. ಕೊಟ್ರೇಶನನ್ನು ಕರೆದು ತೋರಿಸಿದೆ. ಅವನು ಹಾಳೆಯನ್ನೂ ನನ್ನನ್ನೂ ನೋಡಿ, "ಇರ್ಲಿ ಬಿಡ್ರಿ ಸಾರ್. ಸೊನ್ನಿ ಹೆಚ್ಚುಕಮ್ಮಿ ಆದ್ರ ಏನಾಗ್ತೈತ್ರಿ, ಬೆಟ್ಟ ಅಲ್ಲೇ ಐತಲ್ರಿ" ಎಂದ. ನಲವತ್ತು ವರ್ಷಗಳ ನನ್ನ ಶ್ರಮವನ್ನು ಯಾರೂ ಇಷ್ಟು ಅಡಕವಾಗಿ ಅಲ್ಲಗಳೆದಿರಲಿಲ್ಲ.

ಮೂರನೆಯದು ಹೃದ್ರೋಗದ ಬಗ್ಗೆ. ಬೆಳಗಿನ ಹೊತ್ತು ಮನೆಯ ಮುಂದಿನ ಹಿಮವನ್ನು ಸಲಿಕೆಯಿಂದ ತೆಗೆಯುವ ವೃದ್ಧರು ಎದೆನೋವಿನ ಬಗ್ಗೆ ಎಚ್ಚರದಿಂದಿರಬೇಕೆಂದು ಅದು ಹೊಸಪೇಟೆಯ ನಾಗರಿಕರಿಗೆ ತಿಳಿಹೇಳಿತ್ತು. ಚೈತ್ರದಲ್ಲಿಯೇ ನಲ್ಲಿಯ ನೀರು ಕೈ ಸುಡುವ ಊರಿದು. ಯಾವ ಹಿಮದೇಶದ ಲೇಖನವನ್ನು ನಕಲು ಮಾಡಿದ್ದೆಂದು ನಾನು ಕೇಳಲಿಲ್ಲ, "ಪುಟ ಹದಿನೇಳು: ಹಿಮ ಇಲ್ಲ" ಎಂದಷ್ಟೇ ಬರೆದೆ. ಹೀಗೆ ತಿದ್ದಿ, ಮುನ್ನುಡಿ ಬರೆದು, ಅದರೊಂದಿಗೆ ಕೊಟ್ರೇಶ ಕೇಳಿದಂತೆ ಜನ್ಮದಿನಾಂಕ ಸಹಿತ ನನ್ನ ಕಿರುಪರಿಚಯವನ್ನೂ ಕೊಟ್ಟೆ. ಕಾಲೇಜಿನವರು ನಾನು ತಿದ್ದಿದ ಕಡತವನ್ನು ಭದ್ರವಾಗಿಟ್ಟು, ತಿದ್ದದಿದ್ದುದನ್ನು ಅಚ್ಚಿಗೆ ಕಳಿಸಿದರು. ಮುನ್ನುಡಿ, ಪರಿಚಯಗಳು ಮಾತ್ರ ನಾನು ಕೊಟ್ಟಂತೆಯೇ ಬಂದಿದ್ದವು.

ಸಂಕಿರಣದ ದಿನ, ಕಾಲೇಜಿನ ಮಹಡಿಯ ಮೆಟ್ಟಿಲು ಹತ್ತುತ್ತ ಆ ಸಂಚಿಕೆಯ ಪುಟ ತಿರುವಿದಾಗ ನನ್ನ ಎದೆ ಬಿಗಿಯಿತು. ಎಡತೋಳಿನವರೆಗೂ ಒಂದು ಸೆಳೆತ ಬಂತು. ಇದು ಸಿಟ್ಟಿನಿಂದ ಎಂದು ನಾನು ತೀರ್ಮಾನಿಸಿದೆ. ಕಾರಣ ಕೈಯಲ್ಲೇ ಇತ್ತಲ್ಲ. ಆದರೆ ಪಕ್ಕದಲ್ಲಿದ್ದ ಅನ್ನಪೂರ್ಣ ನನ್ನ ಬೆವರನ್ನು ನೋಡಿ, ಅದೇ ಮಹಡಿಯ ಸಸ್ಯಶಾಸ್ತ್ರದ ಕೋಣೆಯಲ್ಲಿ ನಡೆಯುತ್ತಿದ್ದ ಉಚಿತ ಹೃದಯ ತಪಾಸಣೆಗೆ ನನ್ನನ್ನು ತೋಳು ಹಿಡಿದು ಒಯ್ದಳು. ಗಾಜಿನ ಜಾಡಿಗಳಲ್ಲಿ ನಿಂತ ಪಾಚಿ, ಅಣಬೆಗಳ ಎದುರು ಅಂಗಿ ಬಿಚ್ಚಿ ಮಲಗಿದೆ. ಇಸಿಜಿ ಯಂತ್ರ ಕಿರ್ ಎಂದು ಕಾಗದ ಹೊರಗೆ ಹಾಕಿತು. ಅಲ್ಲಿದ್ದ ಹೃದಯ ತಜ್ಞೆ, ಚಿಕ್ಕ ವಯಸ್ಸಿನ ಸುಮಂಗಲ ಎಂಬವರು, ಕಾಗದವನ್ನು ಎರಡು ಸಲ ನೋಡಿ ಮೆಲ್ಲಗೆ ಹೇಳಿದರು: "ಸಾರ್, ಇದು ಚೊಲೊ ಕಾಣಂಗಿಲ್ಲ. ಈಗಿಂದೀಗ ನಮ್ಮ ಆಸ್ಪತ್ರಿಗೆ ಬರ್ರಿ. ಆಂಜಿಯೋಗ್ರಾಂ ಮಾಡಿ ನೋಡಬೇಕು. ಮುಂದ ಹಾಕಿದ್ರ ಜೀವಕ್ಕ ಅಪಾಯ ಐತಿ."

ನಾನು ಕಾಗದ ಇಸಿದುಕೊಂಡು, ಎಲ್ಲರೂ ಮೊದಲು ನೋಡಬೇಕಾದ್ದನ್ನು ನೋಡಿದೆ. ನಾವಿದ್ದದ್ದು ಕಾರ್ತಿಕ ಮಾಸ. ಕಾಗದದ ಮೂಲೆಯಲ್ಲಿ ಜನವರಿ ಒಂದು ಎಂದಿತ್ತು.

"ಇವತ್ತು ಜನವರಿ ಒಂದೇ?" ಎಂದು ಯಂತ್ರದವನನ್ನು ಕೇಳಿದೆ.

"ಅದರ ಸೆಲ್ ಹೋಗೈತ್ರಿ ಸಾರ್. ದಿನಾ ಜನವರಿ ಒಂದ ತೋರಸ್ತೈತಿ. ತಾರೀಖು ತಪ್ಪು, ಗೆರಿ ಖರೇ ಅದಾವ."

"ಇವತ್ತು ಯಾವ ದಿನವೆಂದು ತಿಳಿಯದ ಯಂತ್ರಕ್ಕೆ ನನ್ನ ಹೃದಯ ಹೇಗೆ ತಿಳಿದೀತು? ದಿನಾಂಕ ತಪ್ಪಿದ ದಾಖಲೆ ದಾಖಲೆಯೇ ಅಲ್ಲ" ಎಂದು ಹೇಳಿ, ಅಂಗಿ ಹಾಕಿಕೊಂಡು ಮನೆಗೆ ಬಂದೆ. ಆ ಕ್ಷಣದಲ್ಲಿ ಇಡೀ ಸಂಕಿರಣದಲ್ಲಿ ಸಂಶೋಧನೆಯ ಘನತೆಯನ್ನು ಉಳಿಸಿದವನು ನಾನೊಬ್ಬನೇ ಎಂದು ನನಗನ್ನಿಸಿತ್ತು. ಈಗ ಬರೆಯುವಾಗ ಆ ವಾಕ್ಯವನ್ನು ಹೊಡೆದುಹಾಕಬೇಕೆನಿಸುತ್ತದೆ. ಆದರೆ ಮೂಲವನ್ನು ತಿದ್ದುವುದು ನನ್ನ ಪದ್ಧತಿಯಲ್ಲ.

ಮರುದಿನ ಬೆಳಿಗ್ಗೆ ಯಂತ್ರದ ಅವಿಶ್ವಸನೀಯತೆಯ ಬಗ್ಗೆ ಎರಡು ಪುಟದ ಆಕ್ಷೇಪಣೆ ಬರೆಯುತ್ತಿದ್ದೆ. ಅನ್ನಪೂರ್ಣ ನನ್ನ ಮೇಜಿನ ಖಾನೆ ಎಳೆದು, ರಕ್ತದೊತ್ತಡದ ಗುಳಿಗೆಗಳ ಸ್ಟ್ರಿಪ್ಪನ್ನು ಆಕ್ಷೇಪಣೆಯ ಮೇಲಿಟ್ಟಳು.

"ದಿನಾ ಗುಳಿಗಿ ತಗೊಂತೀರಿ?"

"ತಪ್ಪದೆ."

"ಹತ್ತು ಗುಳಿಗಿ. ಹುಣ್ಣಿಮಿ ದಿನ ಸುರು ಮಾಡಿದ್ರಿ. ನಿನ್ನಿ ಸಪ್ತಮಿಗೆ ಎಂಟು ಮುಗೀಬೇಕು, ಎರಡು ಉಳೀಬೇಕು. ಆರು ಅದಾವ. ಮಂದಿ ಮನ್ಯಾಗ ಸಾಮಾನು ಎಲ್ಲಿ ಹೋತು ಅಂತ ಕೇಳ್ತಾರ. ನಾನು ಯಾಕ ಹೋಗಿಲ್ಲ ಅಂತ ಕೇಳ್ತೀನಿ. ಹೇಳ್ರಿ."

ನಾನು ಪಂಚಾಂಗ ತೆಗೆದು ತಿಥಿಗಳನ್ನು ಎಣಿಸಿ ನೋಡಿದೆ. ಅವಳ ಲೆಕ್ಕ ಸರಿಯಿತ್ತು.

"ನೀವ ಬರದೀರಲ್ರಿ," ಎಂದಳು, "ಹೇಳಿದ್ದನ್ನ ನಂಬಬಾರದು, ಹೋಗಿ ಎಣಿಸಿ ನೋಡಬೇಕು ಅಂತ." ಅವಳು ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. "ಆ ಮೆಟ್ಟಲಾ ಹತ್ತುವಾಗ ನಿಮ್ಮ ಮಾರಿ ನೀವು ನೋಡ್ಕೊಂಡಿಲ್ಲ. ನಾನು ನೋಡೀನಿ. ಅದಕ್ಕ ಯಾವ ತಾರೀಖು ಬೇಕು ನಿಮಗ?"

ಆಕ್ಷೇಪಣೆ ಅಲ್ಲಿಗೇ ನಿಂತಿತು. ಆಸ್ಪತ್ರೆಗೆ ಹೋದೆವು. ಸೋಲೊಪ್ಪಿ ಹೋದೆನೆಂದು ಯಾರೂ ತಿಳಿಯಬಾರದೆಂದು, ಅಲ್ಲಿಯ ಗೋಡೆಯ ಕ್ಯಾಲೆಂಡರು ಹಿಂದಿನ ತಿಂಗಳಲ್ಲೇ ನಿಂತಿದ್ದನ್ನು ಹೋದೊಡನೆ ಎತ್ತಿ ತೋರಿಸಿದೆ. ಸುಮಂಗಲ ಎದ್ದು ಹಾಳೆ ಮಗುಚಿ ಬಂದು ಕುಳಿತು, ದಾಖಲಾತಿಯ ಅರ್ಜಿ ತುಂಬತೊಡಗಿದರು.

"ವಯಸ್ಸು ಸಾರ್?"

"ಎಪ್ಪತ್ತೊಂದು ವರ್ಷ, ಐದು ತಿಂಗಳು" ಎಂದೆ. ದುಂಡಗಿನ ಸಂಖ್ಯೆಗಳನ್ನು ನಾನು ಕೊಡುವುದಿಲ್ಲ.

"ಹುಟ್ಟಿದ ತಾರೀಖು?"

"ಜೂನ್ ಒಂದು."

ಅವರ ಪೆನ್ನು ನಿಂತಿತು. "ನಮ್ಮ ಅಜ್ಜಂದೂ ಜೂನ್ ಒಂದ ರಿ ಸಾರ್. ಇವತ್ತು ಮುಂಜಾನಿಂದ ನೀವು ನಾಕನೇದವರು. ಶಾಲಿ ತಾರೀಖು ಬ್ಯಾಡ್ರಿ, ಖರೇ ವಯಸ್ಸು ಹೇಳ್ರಿ. ನನಗ ಬೇಕಾಗ್ತೈತಿ."

ನಾನು ಬಾಯಿ ತೆರೆಯುವುದರೊಳಗೆ ಅನ್ನಪೂರ್ಣ ಕುರ್ಚಿ ಮುಂದೆ ಎಳೆದುಕೊಂಡಿದ್ದಳು. "ಅದು ಕಂಪ್ಲಿ ಸಾಲಿ ಹೆಡ್ ಮಾಸ್ತರು ಕೊಟ್ಟ ತಾರೀಖ್ರಿ ಡಾಕ್ಟ್ರೇ. ತಲಿ ಮ್ಯಾಲಿಂದ ಕೈ ಹಾಕಿ ಕಿವಿ ಮುಟ್ಟು ಅಂದ್ರಂತ. ಮುಟ್ಟಿದ್ರಂತ, ಬರಕೊಂಡ್ರಂತ. ಕಿಲಾಸಿನ ಹುಡುಗರೆಲ್ಲಾ ಒಂದ ದಿನ ಹುಟ್ಯಾರ. ನಮ್ಮ ಅತ್ತಿ ಹೇಳ್ತಿದ್ರು, ಡ್ಯಾಮಿಗೆ ಮೊದಲನೇ ಸಲ ನೀರು ನಿಂತಾಗ ಇವ್ರು ಅಂಗಳದಾಗ ಓಡಾಡ್ತಿದ್ರಂತ."

ಅಣೆಕಟ್ಟಿಗೆ ನೀರು ನಿಂತ ವರ್ಷ ನನಗೆ ಚೆನ್ನಾಗಿ ಗೊತ್ತು. ಮೂರು ಮೂಲಗಳಿಂದ ತಾಳೆ ನೋಡಿದ್ದೇನೆ. ಶಾಲೆಯ ದಾಖಲೆಯ ಪ್ರಕಾರ ಆಗ ನಾನಿನ್ನೂ ಹುಟ್ಟಿಯೇ ಇರಲಿಲ್ಲ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಅಣೆಕಟ್ಟೆಂಬ ಪದರದ ಕೆಳಗೆ ಓಡಾಡುವ ಸ್ಥಿತಿಯಲ್ಲಿ ನಾನು ಸಿಕ್ಕಿಬಿದ್ದಿದ್ದೆ. ತಾಯಿ ಈ ಮಾತನ್ನು ಎಷ್ಟೋ ಸಲ ಹೇಳಿದ್ದಳು. ಲಿಖಿತ ಆಧಾರವಿಲ್ಲವೆಂದು ನಾನೇ ತಳ್ಳಿಹಾಕಿದ್ದೆ. ಊರಿನವರ ಲಗ್ನಪತ್ರಿಕೆಗಳನ್ನೆಲ್ಲ ತಾಳೆ ನೋಡಿದವನು ಇದನ್ನು ಮಾತ್ರ ನೋಡಿರಲಿಲ್ಲ.

"ದಾಖಲೆಯ ಪ್ರಕಾರ..." ಎಂದು ಆರಂಭಿಸಿದೆ.

"ತಾರೀಖು ತಪ್ಪಿದ್ರ ಕಾಗದ ಸುಳ್ಳು ಅಂದ್ರಿ ನೀವ," ಎಂದಳು ಅನ್ನಪೂರ್ಣ. "ಹಂಗಾದ್ರ ನಿಮ್ಮ ಡಿಗ್ರಿ ಸುಳ್ಳು, ನೌಕರಿ ಸುಳ್ಳು, ನಿವೃತ್ತಿ ಸುಳ್ಳು. ನೀವಿನ್ನಾ ಹುಟ್ಟೇ ಇಲ್ಲ ಬಿಡ್ರಿ. ಹುಟ್ಟದವ್ರಿಗೆ ಎದಿನೋವು ಎಲ್ಲಿಂದ ಬರ್ತೈತಿ? ನಡೀರಿ, ಮನಿಗೆ ಹೋಗೂಣು."

ಅವಳು ನಿಜಕ್ಕೂ ಚೀಲ ಎತ್ತಿಕೊಂಡು ಎದ್ದು ನಿಂತಳು. ನಾನು ಕುಳಿತೇ ಇದ್ದೆ. ನಂತರ, "ಬರೆದುಕೊಳ್ಳಿ ಡಾಕ್ಟರೇ: ಎಪ್ಪತ್ತಮೂರು, ಎರಡು ವರ್ಷ ಹೆಚ್ಚುಕಡಿಮೆ" ಎಂದೆ. ನನ್ನ ಜೀವಮಾನದಲ್ಲಿ ಕೊಟ್ಟ ಅಂಕಿಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಅದೇ. ಇನ್ನೂರ ಎಪ್ಪತ್ತು ಕೋಟಿ ವರ್ಷದ ಬಂಡೆಗೆ ಹೆಚ್ಚುಕಡಿಮೆಯ ಅಂತರವನ್ನು ಲಿಖಿತವಾಗಿ ಕೊಟ್ಟವನಿಗೆ, ಸ್ವಂತಕ್ಕೆ ಅದನ್ನು ಬಾಯಿಬಿಟ್ಟು ಹೇಳಲು ಇಷ್ಟು ಕಾಲ ಬೇಕಾಯಿತು.

ಆಂಜಿಯೋಗ್ರಾಂನಲ್ಲಿ ಒಂದು ರಕ್ತನಾಳ ಬಹುಪಾಲು ಮುಚ್ಚಿರುವುದು ಕಂಡಿತು. ಆ ದಿನವೇ ಸ್ಟೆಂಟ್ ಹಾಕಿದರು. ಇನ್ನೊಂದು ವಾರ ತಡೆದಿದ್ದರೆ ನನ್ನ ಆಕ್ಷೇಪಣೆ ನನ್ನ ಕೊನೆಯ ಪ್ರಕಟಣೆಯಾಗುತ್ತಿತ್ತು ಎಂಬರ್ಥದ ಮಾತನ್ನು ಸುಮಂಗಲ ಬಹಳ ಮರ್ಯಾದೆಯಿಂದ ಹೇಳಿದರು. ಜನವರಿ ಒಂದರ ಆ ಕಾಗದದ ಗೆರೆಗಳು ಸರಿಯಾಗಿದ್ದವು, ಒಂದೂ ತಪ್ಪಿರಲಿಲ್ಲ.

ಮನೆಗೆ ಬಂದ ಮೇಲೆ ಹಾಸಿಗೆಯಲ್ಲಿ ಮಾಡಲು ಬೇರೇನೂ ಇರಲಿಲ್ಲ. ಸಂಚಿಕೆಯನ್ನು ಮೊದಲಿನಿಂದ ಓದಿ ಒಪ್ಪೋಲೆ ಸಿದ್ಧಪಡಿಸಿದೆ. ಅಂದರೆ ಅಚ್ಚಾದ ಪುಸ್ತಕದ ತಪ್ಪುಗಳನ್ನು ಎಡಕ್ಕೂ ಅವುಗಳ ಸರಿರೂಪವನ್ನು ಬಲಕ್ಕೂ ಬರೆದು ಕೊನೆಗೆ ಅಂಟಿಸುವ ಹಾಳೆ. ಕಾವಲುಗಾರರಿಂದ ಹಿಮದವರೆಗೆ ಒಟ್ಟು ಅರವತ್ತಮೂರು ತಪ್ಪುಗಳಾದವು. ಕೊಟ್ರೇಶ ಅದನ್ನು ಒಯ್ಯಲು ಬಂದಾಗ ಸಕ್ಕರೆ ಕಡಿಮೆಯ ಚಹಾ ಕುಡಿಯುತ್ತ ಹಾಳೆ ನೋಡಿ, "ಸಾರ್, ಅರವತ್ತನಾಕು ಅದಾವಲ್ರಿ?" ಎಂದ.

ಇಸಿದುಕೊಂಡು ನೋಡಿದೆ. ಕೊನೆಯ ಸಾಲು ನನ್ನ ಕೈಬರಹವಲ್ಲ. ಹಿಟ್ಟಿನ ಕೈಯ ಗುರುತೊಂದು ಪಕ್ಕದಲ್ಲಿತ್ತು. "ಪುಟ ಮೂರು, ಮುನ್ನುಡಿಕಾರರ ಪರಿಚಯ. ತಪ್ಪು: ಜನನ ಜೂನ್ ಒಂದು. ಒಪ್ಪು: ಡ್ಯಾಮಿಗಿಂತ ಹಿರಿಯರು."

ಕೆಂಪು ಪೆನ್ನು ತೆಗೆದುಕೊಂಡೆ. ಲಭ್ಯವಿರುವ ಎಲ್ಲ ಮೂಲಗಳೊಂದಿಗೆ ತಾಳೆ ನೋಡಿದೆ. ತಿದ್ದಲು ಏನೂ ಸಿಗದೆ ಪೆನ್ನಿಗೆ ಮುಚ್ಚಳ ಹಾಕಿದೆ.