ರವೆ ಕಾಳಿನಷ್ಟು ಪ್ಲೂಟೊ

ನಾನು ಸ್ವಭಾವದಿಂದ ಗಂಭೀರ ಹೆಂಗಸು. ಮೈಸೂರಿನ ಕಾಲೇಜೊಂದರಲ್ಲಿ ಆರು ವರ್ಷ ಭೌತಶಾಸ್ತ್ರ ಪಾಠ ಮಾಡಿದೆ. ಆ ಆರು ವರ್ಷದಲ್ಲಿ ನನ್ನ ತರಗತಿಯಲ್ಲಿ ಯಾರಾದರೂ ನಕ್ಕಿದ್ದು ನೆನಪಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಬಂದು ಚಿಕ್ಕ ಮಕ್ಕಳಿಗೆ ಸೂರ್ಯ, ಚಂದ್ರ, ಗ್ರಹಗಳ ಪಾಠ ಹೇಳತೊಡಗಿದ ಮೇಲೆ ಮಾತ್ರ ವಾರಕ್ಕೊಂದಾದರೂ ಏನಾದರೂ ಆಗುತ್ತಲೇ ಇತ್ತು. ಆಗುವ ಹೊತ್ತಿನಲ್ಲಿ ನನಗೆ ನಗು ಬಂದದ್ದಿಲ್ಲ. ಕೆಲವು ಸಲ ಅಳು ಬಂದದ್ದುಂಟು.

ಎಂಬತ್ತರ ದಶಕದ ನಡುವಿನ ಮಾತು. ಅಲ್ಲಿನ ಬೆರ್ರಿಯೆಸಾ ಎಂಬ ಬಡಾವಣೆಯಲ್ಲಿ ನಮ್ಮ ಮನೆ. ಗ್ರೀನ್ ಕಾರ್ಡು ಬರುವವರೆಗೆ ಮೂರು ವರ್ಷ ಮನೆಯಲ್ಲೇ ಕೂತಿದ್ದೆ. ಬಂದ ಮೇಲೆ ಸಿಕ್ಕಿದ ಮೊದಲ ಕೆಲಸ ಇದು. ಶಾಲೆಯಿಂದ ಶಾಲೆಗೆ ಆಕಾಶ ಹೊತ್ತುಕೊಂಡು ಹೋಗುವುದು. ಆಕಾಶ ಅಂದರೆ ಬಟ್ಟೆಯದು. ಮಡಿಸಿದರೆ ಎರಡು ಚೀಲ. ಫ್ಯಾನು ಹಾಕಿ ಗಾಳಿ ತುಂಬಿದರೆ ಒಂದು ಕೋಣೆಯಷ್ಟು ದೊಡ್ಡ ಬೋರಲು ಬಟ್ಟಲಿನಂತೆ ಎದ್ದು ನಿಲ್ಲುತ್ತಿತ್ತು. ಬಟ್ಟೆಯ ಸುರಂಗದೊಳಗೆ ಮಂಡಿಯೂರಿ ನುಸುಳಿ ಹೋದರೆ ಒಳಗೆ ಗಾಢ ಕತ್ತಲೆ. ನಡುವೆ ಪ್ರೊಜೆಕ್ಟರು. ಹಗಲು ಹತ್ತು ಗಂಟೆಗೂ ನಕ್ಷತ್ರ ತೋರಿಸಬಹುದು.

ಮೊದಲ ದಿನ

ಪಾಠ ಹೇಳುವವಳು ಸೀರೆ ಉಡಬೇಕು ಎಂಬುದು ನನ್ನ ನಂಬಿಕೆ. ಮೊದಲ ದಿನಕ್ಕೆಂದು ಗಂಜಿ ಹಾಕಿದ ಕಿತ್ತಳೆ ಬಣ್ಣದ ಹತ್ತಿ ಸೀರೆ ಉಟ್ಟೆ. ಅದರಲ್ಲಿ ಸುರಂಗ ನುಸುಳಿದ್ದು ಹೇಗೆ ಎಂದು ಕೇಳಬೇಡಿ. ಹಿಂದೆ ಶಾಲೆಯ ಪ್ರಿನ್ಸಿಪಾಲರು ನಿಂತಿದ್ದರು, ಅಷ್ಟು ಸಾಕು.

ಒಳಗೆ ಎರಡನೇ ತರಗತಿಯ ಇಪ್ಪತ್ತಾರು ಮಕ್ಕಳು. ಪಾಠ ಚೆನ್ನಾಗಿಯೇ ಸಾಗಿತು. ಗುರುಗ್ರಹಕ್ಕೆ ಬಂದೆ. ಅಲ್ಲಿ ನಿಲ್ಲಲು ನೆಲವಿಲ್ಲ, ಇಳಿದಷ್ಟೂ ಗಾಳಿಯೇ, ಆ ಗಾಳಿ ಎಲ್ಲ ಕಡೆಯಿಂದ ಒತ್ತುತ್ತ ಬರುತ್ತದೆ ಎಂದು ಹೇಳುತ್ತ ಗುರುಗ್ರಹವನ್ನು ಕೈಯಿಂದ ತೋರಿಸಲು ಎರಡು ಹೆಜ್ಜೆ ಇಟ್ಟೆ. ಸೀರೆಯ ಅಂಚು ವೈರಿಗೆ ಸುತ್ತಿಕೊಂಡಿತು. ಪ್ರೊಜೆಕ್ಟರಿಗೂ ಹೊರಗಿನ ಫ್ಯಾನಿಗೂ ಒಂದೇ ಎಕ್ಸ್‌ಟೆನ್ಶನ್ ವೈರು. ಎರಡೂ ಒಟ್ಟಿಗೆ ನಿಂತವು.

ಆಕಾಶ ನಿಧಾನವಾಗಿ ಇಳಿಯತೊಡಗಿತು. ಮೊದಲು ನನ್ನ ತಲೆಗೆ ತಾಗಿತು. ಕೂತೆ. ಆಮೇಲೆ ಮಕ್ಕಳ ತಲೆಗಳಿಗೆ. ಈಗ ಚೀರುತ್ತಾರೆ, ಇವತ್ತೇ ಕೆಲಸ ಹೋಯಿತು ಎಂದುಕೊಂಡು ಕಣ್ಣು ಮುಚ್ಚಿದೆ. ಒಬ್ಬರೂ ಚೀರಲಿಲ್ಲ. ಪ್ರಿನ್ಸಿಪಾಲರು ಬಟ್ಟೆಯ ಅಂಚು ಎತ್ತಿ ಒಬ್ಬೊಬ್ಬರನ್ನೇ ಹೊರಗೆಳೆಯುವವರೆಗೂ ಇಪ್ಪತ್ತಾರು ಮಕ್ಕಳು ಉಸಿರು ಬಿಗಿಹಿಡಿದು ಭಕ್ತಿಯಿಂದ ಮಲಗಿದ್ದರು.

ಮುಂದಿನ ವಾರ ಶಾಲೆಯಿಂದ ಥ್ಯಾಂಕ್ಯೂ ಪತ್ರಗಳು ಬಂದವು. ಇಪ್ಪತ್ತೈದು ಮಕ್ಕಳು ಗುರುಗ್ರಹದ ಭಾಗ ಎಲ್ಲಕ್ಕಿಂತ ಚೆನ್ನಾಗಿತ್ತು ಎಂದು ಬರೆದಿದ್ದರು. ಒಂದು ಮಗು ಮಾತ್ರ, “ಮುಂದಿನ ಸಲ ದಯವಿಟ್ಟು ಶನಿಯ ಮೇಲೂ ಕರೆದುಕೊಂಡು ಹೋಗಿ,” ಎಂದಿತ್ತು.

ನಾನು ಅಷ್ಟರಲ್ಲಿ ಎರಡು ಪ್ಯಾಂಟು ಕೊಂಡಿದ್ದೆ.

ಕತ್ತು

ಈ ಬಟ್ಟೆಯ ಆಕಾಶವನ್ನು ಶಾಲೆಗಳಿಗೆ ಕಳಿಸುತ್ತಿದ್ದ ನನ್ನ ಬಾಸು ಎಪ್ಪತ್ತರ ಹತ್ತಿರದ ಅಮೆರಿಕನ್ ಹೆಂಗಸು. ನಿವೃತ್ತ ಶಾಲಾ ಶಿಕ್ಷಕಿ. ಎತ್ತರದ ಆಳು, ಮಾತು ಕಡಿಮೆ. ಒಂದು ಬೆಳಿಗ್ಗೆ ನನ್ನನ್ನು ಕೂರಿಸಿಕೊಂಡು ಒಂದು ಪತ್ರ ಓದಿದರು. ನಾನು ಹಿಂದಿನ ವಾರ ಹೋಗಿದ್ದ ಶಾಲೆಯ ಶಿಕ್ಷಕಿ ಬರೆದದ್ದು. ನನ್ನ ಪಾಠದ ಮೇಲೆ ಸಣ್ಣ ಪರೀಕ್ಷೆ ಕೊಟ್ಟರಂತೆ. ಸೂರ್ಯ ಒಂದು ನಕ್ಷತ್ರವೇ ಎಂಬ ಪ್ರಶ್ನೆಗೆ ಇಡೀ ತರಗತಿ ಅಲ್ಲ ಎಂದು ಬರೆದಿದೆಯಂತೆ. ಯಾರು ಹೇಳಿದರು ಎಂದು ಕೇಳಿದರೆ ಎಲ್ಲರೂ ನನ್ನ ಕಡೆಗೇ ಬೆರಳು ತೋರಿಸಿದರಂತೆ.

ಸೂರ್ಯ ನಕ್ಷತ್ರವಲ್ಲ ಎಂದು ನಾನು ಹೇಳುವುದೇ?

“ಮಕ್ಕಳು ಕೇಳಿದಾಗ ಏನೆಂದಿರಿ?” ಎಂದರು ಬಾಸು.

“ಕೇಳಿದರು. ಹೌದು ಅಂದೆ.”

“ಬಾಯಲ್ಲಿ ಅಂದಿರಾ?”

ನೆನಪು ಮಾಡಿಕೊಂಡೆ. ಬಾಯಲ್ಲಿ ಅಂದಿರಲಿಲ್ಲ. ನಾವು ಮೈಸೂರಿನಲ್ಲಿ ಹೌದು ಎನ್ನುವಾಗ ಹೇಗೆ ತಲೆ ಅಲ್ಲಾಡಿಸುತ್ತೇವೆಯೋ ಹಾಗೆ ಎಡಕ್ಕೂ ಬಲಕ್ಕೂ ಮೃದುವಾಗಿ ಅಲ್ಲಾಡಿಸಿದ್ದೆ.

“ಮುಂದಿನ ವಾರ ನಾನೇ ಬಂದು ಕೂತು ಪಾಠ ನೋಡುತ್ತೇನೆ,” ಎಂದರು ಬಾಸು. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ವರ್ಷ ಮನೆಯಲ್ಲಿ ಕೂತು ಎದ್ದವಳಿಗೆ ಮತ್ತೆ ಹೋಗಿ ಅದೇ ಸೋಫಾದ ಮೇಲೆ ಕೂರುವುದನ್ನು ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಮನೆಯಲ್ಲಿ ಯಜಮಾನರನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಶುರು ಮಾಡಿದೆ.

“ಸೂರ್ಯ ನಕ್ಷತ್ರಾನಾ?” ಎಂದು ಅವರು ಕೇಳಬೇಕು. ನಾನು ಕತ್ತನ್ನು ಮೇಲಿಂದ ಕೆಳಕ್ಕೆ ಆಡಿಸಿ ಹೌದು ಎನ್ನಬೇಕು. ಹತ್ತು ಸಲ ಮಾಡಿದೆ.

“ಈಗ ಸರಿಯಾಯ್ತೇನ್ರೀ?” ಎಂದು ಕೇಳಿದೆ.

ಅವರು ಬಹಳ ಮೆಚ್ಚುಗೆಯಿಂದ ಎಡಕ್ಕೂ ಬಲಕ್ಕೂ ತಲೆ ಆಡಿಸಿದರು.

ಬಾಸು ಬಂದ ದಿನ ನನ್ನ ಕತ್ತನ್ನು ನಾನೇ ನಂಬಲಿಲ್ಲ. ಯಾವ ಕಡೆಗೂ ಆಡಬಾರದೆಂದು ಬಿಗಿಹಿಡಿದು ನಿಂತೆ. ಶುಕ್ರನನ್ನು ತೋರಿಸಬೇಕಾದರೂ ಇಡೀ ಮೈಯನ್ನೇ ತಿರುಗಿಸಿದೆ. ಎಲ್ಲ ಪ್ರಶ್ನೆಗೂ ಬಾಯಲ್ಲೇ ಉತ್ತರ ಕೊಟ್ಟೆ.

ಮಾರನೆಯ ದಿನ ವರದಿ ಮೇಜಿನ ಮೇಲಿತ್ತು. ನಿಂತಲ್ಲೇ ತೆರೆದೆ. ಎರಡೇ ಸಾಲು. “ಪಾಠ ಅತ್ಯುತ್ತಮ. ಕತ್ತು ನೋವಿಗಾಗಿ ಎರಡು ದಿನ ರಜೆ ಕೊಡಲಾಗಿದೆ.”

ಚಂದ್ರನ ಬೆಳಕಿನಲ್ಲಿ

ಆ ವರ್ಷ ಮಾವನವರು ತೀರಿಕೊಂಡರು. ಯಜಮಾನರು ಉಡುಪಿಗೆ ಹೋಗಿ, ಕಾರ್ಯವೆಲ್ಲ ಮುಗಿಸಿ, ಅತ್ತೆಯನ್ನು ಕರೆದುಕೊಂಡು ಬಂದರು.

ಬಂದು ಮೂರು ತಿಂಗಳಾದರೂ ಅತ್ತೆ ಹತ್ತು ಮಾತು ಆಡಿದ್ದರೆ ಹೆಚ್ಚು. ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ, ಬೆಳಿಗ್ಗೆ ನಾನು ಹೊರಡುವಾಗ ಯಾವ ಕುರ್ಚಿಯಲ್ಲಿ ಹೇಗೆ ಕೂತಿದ್ದರೋ ಹಾಗೇ ಕೂತಿದ್ದರು. ಫ್ಲಾಸ್ಕಿನಲ್ಲಿ ಇಟ್ಟುಹೋಗಿದ್ದ ಕಾಫಿ ಹಾಗೇ ಇತ್ತು.

“ಅತ್ತೆ, ನಾಳೆ ನನ್ನ ಜೊತೆ ಬನ್ನಿ,” ಎಂದೆ.

“ನಾನು ಬಂದು ಎಂತ ಮಾಡುದು ಅಲ್ಲಿ?”

“ಏನೂ ಮಾಡ್ಬೇಡಿ. ಸುಮ್ನೆ ಕೂತ್ಕೊಳ್ಳಿ.”

ಬಾಸಿನ ಒಪ್ಪಿಗೆ ಪಡೆದು ಎವರ್‌ಗ್ರೀನ್ ಕಡೆಯ ಒಂದು ಶಾಲೆಗೆ ಕರೆದುಕೊಂಡು ಹೋದೆ. ಅತ್ತೆಯೂ ಸೀರೆಯಲ್ಲೇ ಇದ್ದರು, ಆದರೆ ಸುರಂಗ ನುಸುಳಿದ್ದು ನನಗಿಂತ ಸಲೀಸಾಗಿ. ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ನಾನು ಚಂದ್ರನನ್ನು ಬೆಳಗಿಸಿ ಅದು ಹೇಗೆ ದಿನದಿನಕ್ಕೂ ತುಂಬುತ್ತದೆ ಎಂದು ತೋರಿಸುತ್ತಿದ್ದೆ. ಹುಣ್ಣಿಮೆ ಆಯಿತು. ಆ ಬೆಳಕಿನಲ್ಲಿ ಅತ್ತೆಗೆ ಎದುರಿಗಿದ್ದವರು ಕಂಡರು.

“ಆ ಹುಡುಗಿಯ ತಲೆ ನೋಡು ಮಾರಾಯ್ತಿ,” ಎಂದರು, ಅಷ್ಟು ಮಕ್ಕಳ ನಿಶ್ಶಬ್ದದ ನಡುವೆ, ಗಟ್ಟಿಯಾಗಿ. “ಕಾಗೆ ಗೂಡು. ಇದರ ಅಮ್ಮನಿಗೆ ಒಂದು ಬಾಚಣಿಗೆ ಸಿಗುದಿಲ್ವಾ?”

ಕತ್ತಲೊಳಗಿಂದ ಇಂಗ್ಲಿಷಿನಲ್ಲಿ ಉತ್ತರ ಬಂತು. “ನನ್ನ ಅಮ್ಮ ಡಾಕ್ಟರ್. ಬೆಳಿಗ್ಗೆ ಐದಕ್ಕೇ ಆಸ್ಪತ್ರೆಗೆ ಹೋಗ್ತಾರೆ. ಅಪ್ಪನಿಗೆ ಜಡೆ ಹಾಕೋಕೆ ಬರಲ್ಲ.”

ಚಂದ್ರನನ್ನು ಆರಿಸಿಬಿಡೋಣ ಅನ್ನಿಸಿತು. ಆ ತರಗತಿಯಲ್ಲಿ ಕನ್ನಡದ ಹುಡುಗಿ ಇದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ.

“ಎಂತ ಹೇಳಿತು ಅದು?” ಎಂದರು ಅತ್ತೆ.

ಹೇಳಿದೆ. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಕೃಷ್ಣಪಕ್ಷ ಶುರುವಾಯಿತು. ಅಷ್ಟರಲ್ಲಿ, “ಇಲ್ಲಿ ಬಾ ಮಗಾ,” ಎಂದದ್ದು ಕೇಳಿಸಿತು. ಮತ್ತೆ ಬೆಳಕು ಹಾಕಿದಾಗ ಹುಡುಗಿ ಅತ್ತೆಯ ಮುಂದೆ ಬೆನ್ನು ಕೊಟ್ಟು ಕೂತಿದ್ದಳು. ಒಂದು ಜಡೆ ಮುಗಿದಿತ್ತು, ಎರಡನೆಯದು ಅರ್ಧ. ಅವಳ ಹಿಂದೆ ಇನ್ನೂ ಏಳು ಹುಡುಗಿಯರು ಸಾಲು ಹಿಡಿದು ಕೂತಿದ್ದರು. ಅವರಲ್ಲಿ ಕನ್ನಡದವರು ಯಾರೂ ಇಲ್ಲ.

ಮನೆಗೆ ಬರುವಾಗ ಫ್ರೀವೇ ಉದ್ದಕ್ಕೂ ಅತ್ತೆ ಮಾತಾಡಿದರು. ಕಡೆಯ ದಿನಗಳಲ್ಲಿ ಮಾವನವರಿಗೆ ತಾವೇ ತಲೆ ಬಾಚುತ್ತಿದ್ದದ್ದು, ಅವರು ಹೋದ ಮೇಲೆ ಕೈಗೆ ಕೆಲಸವೇ ಇಲ್ಲದಂತಾದದ್ದು. ನಾನು ಬಲಗಡೆಯ ಲೇನಿನಲ್ಲಿ ಆದಷ್ಟು ನಿಧಾನವಾಗಿ ಓಡಿಸಿದೆ.

ಮುಂದಿನ ವಾರ ಆ ಹುಡುಗಿ ತಾನು ಕಲಿತದ್ದನ್ನು ಬರೆದು ಕಳಿಸಿದ್ದಳು. “ಒಂದು, ಚಂದ್ರನಿಗೆ ಸ್ವಂತ ಬೆಳಕಿಲ್ಲ. ಎರಡು, ತಲೆಗೆ ಎಣ್ಣೆ ಬೇಕು.”

ರವೆ ಕಾಳು

ಅಂದಿನಿಂದ ಅತ್ತೆ ದಿನವೂ ನನ್ನ ಜೊತೆ. ಮೈದಾನದಲ್ಲಿ ಮಾಡಿಸುವ ಒಂದು ಪಾಠಕ್ಕೆ ಸಾಮಾನು ಒದಗಿಸಿದ್ದೂ ಅವರೇ, ನಮ್ಮ ಅಡುಗೆಮನೆಯಿಂದ. ಸೂರ್ಯ ಒಂದು ಬ್ಯಾಸ್ಕೆಟ್‌ಬಾಲಿನಷ್ಟಿದ್ದರೆ ಉಳಿದವರು ಎಷ್ಟೆಷ್ಟು ದೊಡ್ಡವರು ಎಂದು ನಾನು ಲೆಕ್ಕ ಹಾಕಿ ಹೇಳಿದೆ. ಅವರು ಡಬ್ಬಿ ತೆರೆದು ಹುಡುಕಿಕೊಟ್ಟರು. ಭೂಮಿಗೆ ಸಾಸಿವೆ. ಮಂಗಳನಿಗೆ ರಾಗಿ, ಬಣ್ಣವೂ ಹೊಂದಿತು. ಚಂದ್ರನಿಗೆ ಗಸಗಸೆ. ನೆಪ್ಚೂನಿಗೆ ಕಡಲೆಕಾಳು. ಪ್ಲೂಟೊಗೆ ಚಿರೋಟಿ ರವೆಯ ಒಂದು ಕಾಳನ್ನು ಕಪ್ಪು ಕಾರ್ಡಿಗೆ ಅಂಟಿಸಿದ್ದೆವು.

ಅಳತೆಯ ಪ್ರಕಾರ ಭೂಮಿ ನಿಲ್ಲಬೇಕಾದದ್ದು ಸೂರ್ಯನಿಂದ ಇಪ್ಪತ್ತಾರು ಮೀಟರು ದೂರಕ್ಕೆ. ಶನಿಯ ಹೊತ್ತಿಗೆ ಮೈದಾನ ಮುಗಿಯುತ್ತಿತ್ತು. ಅದರಾಚಿನವರನ್ನು ಬೇಲಿಯ ಹತ್ತಿರ ಒತ್ತಾಗಿ ನಿಲ್ಲಿಸಿ, ಇವರೆಲ್ಲ ಇನ್ನೂ ದೂರ, ಪ್ಲೂಟೊ ಒಂದು ಕಿಲೋಮೀಟರು ಎಂದು ಬಾಯಲ್ಲಿ ಹೇಳಿ ಮುಗಿಸುತ್ತಿದ್ದೆ.

ಒಂದು ದಿನ ತರಗತಿಯಲ್ಲಿ ಒಂದು ಮಗು ಬಂದಿರಲಿಲ್ಲ. ಪ್ಲೂಟೊ ಹಿಡಿಯಲು ಜನ ಸಾಲಲಿಲ್ಲ.

“ಅತ್ತೆ, ಇದನ್ನ ನೀವು ಹಿಡ್ಕೊಳ್ಳಿ. ಗೇಟಿನ ಕಡೆ ನಡೀತಾ ಇರಿ. ನಾನು ಸಾಕು ಅಂದಾಗ ನಿಲ್ಲಿ.”

ಅತ್ತೆ ಕಾರ್ಡನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು ಹೊರಟರು. ನಾನು ಸಾಸಿವೆಯನ್ನು ನಿಲ್ಲಿಸುತ್ತಿದ್ದೆ. ಅಷ್ಟರಲ್ಲಿ ಬೆಂಕಿಯ ಗಂಟೆ ಬಾರಿಸಿತು. ಅಭ್ಯಾಸಕ್ಕಾಗಿ ಬಾರಿಸಿದ್ದು, ಆದರೂ ನಿಯಮ ನಿಯಮವೇ. ಇಡೀ ಶಾಲೆ ಹೊರಗೆ ಬಂತು. ಸಾಲು, ಎಣಿಕೆ, ಮತ್ತೆ ಎಣಿಕೆ. ಸೂರ್ಯನನ್ನು ಕಂಕುಳಲ್ಲಿ ಇಟ್ಟುಕೊಂಡು ನಾನೂ ನಿಂತೆ. ಎಲ್ಲ ಮುಗಿಯಲು ಅರ್ಧ ಗಂಟೆಯ ಮೇಲಾಯಿತು.

“ಪ್ಲೂಟೊ ಎಲ್ಲಿ?” ಎಂದು ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೇಳಿದಳು.

“ತುಂಬಾ ದೂರ,” ಎಂದೆ, ಅಭ್ಯಾಸಬಲದಿಂದ.

ಹೇಳಿ ಮುಗಿಸುವಷ್ಟರಲ್ಲಿ ನೆನಪಾಗಿ ಸುತ್ತಲೂ ನೋಡಿದೆ. ಮೈದಾನದಲ್ಲಿ ಅತ್ತೆ ಇಲ್ಲ. ಗೇಟಿನಲ್ಲಿ ಇಲ್ಲ. ರಸ್ತೆಯಲ್ಲಿ ಕಣ್ಣು ಹಾಯುವವರೆಗೂ ಇಲ್ಲ. ಅವರ ಹತ್ತಿರ ಪರ್ಸಿಲ್ಲ, ವಿಳಾಸದ ಚೀಟಿಯಿಲ್ಲ, ಒಂದು ಇಂಗ್ಲಿಷ್ ಮಾತಿಲ್ಲ. ಕೈಯಲ್ಲಿ ಇರುವುದು ಒಂದು ರವೆ ಕಾಳು. ನಾನು ಆಫೀಸಿಗೆ ಓಡಿ, ಏನು ಹೇಳಿದೆನೋ, ಪ್ರಿನ್ಸಿಪಾಲರು ಮೈಕು ಹಿಡಿದು ಶಾಲೆಗೆಲ್ಲ ಕೇಳುವಂತೆ, “ಪ್ಲೂಟೊ ಕಾಣೆಯಾಗಿದೆ, ಬಿಳಿ ಕೂದಲು, ಹಸಿರು ಸೀರೆ,” ಎಂದರು. ಆಗ ಅದರಲ್ಲಿ ಯಾರಿಗೂ ತಮಾಷೆ ಕಾಣಲಿಲ್ಲ.

ಕಾರು ಹತ್ತಿ ಹೊರಟೆ. ಪ್ರತಿ ಅಡ್ಡರಸ್ತೆಯಲ್ಲೂ ನಿಲ್ಲಿಸಿ ನೋಡಿದೆ. ಯಜಮಾನರಿಗೆ ಏನು ಹೇಳಲಿ? ಗಂಡನನ್ನು ಕಳಕೊಂಡು ಬಂದ ಜೀವವನ್ನು ನಾನು ಒಂದು ಪಾಠಕ್ಕೋಸ್ಕರ ರಸ್ತೆಗೆ ಬಿಟ್ಟೆ ಎಂದು ಹೇಳಲೇ? ಕಣ್ಣು ಮಂಜಾಗಿ ದಾರಿ ಕಾಣದೆ ಒಂದು ಕಡೆ ನಿಲ್ಲಿಸಿ ಒರೆಸಿಕೊಂಡೆ.

ಶಾಲೆಯಿಂದ ಎರಡು ಕಿಲೋಮೀಟರು ಆಚೆ, ಒಂದು ಬಸ್ ಸ್ಟಾಪಿನ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಪಕ್ಕದಲ್ಲಿ ಅವರದೇ ವಯಸ್ಸಿನ ವಿಯೆಟ್ನಾಮಿನ ಅಜ್ಜಿ. ಅತ್ತೆ ಕಿತ್ತಳೆ ಹಣ್ಣು ಸುಲಿಯುತ್ತಿದ್ದರು. ಅವರ ಕೈ ಬಿಡುವಾಗಲೆಂದು ಆ ಅಜ್ಜಿ ಕಪ್ಪು ಕಾರ್ಡನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು ನೆಟ್ಟಗೆ ಕೂತಿದ್ದಳು. ಇವರು ಕನ್ನಡದಲ್ಲಿ, ಅವಳು ಅವಳ ಭಾಷೆಯಲ್ಲಿ. ಮಾತು ಜೋರಾಗಿಯೇ ನಡೆದಿತ್ತು.

ನಾನು ಅತ್ತೆಯ ಮುಂದೆ ಮಂಡಿಯೂರಿ ಅತ್ತುಬಿಟ್ಟೆ.

“ಎಂತಕ್ಕೆ ಅಳುದು? ನೀನು ಸಾಕು ಹೇಳ್ಲಿಲ್ಲ, ನಾನು ನಡೆದೆ. ಕಾಲು ನೋಯ್ತು, ಕೂತೆ. ಇಕಾ, ಹಣ್ಣು ತಿನ್ನು.”

ವಿಯೆಟ್ನಾಮಿನ ಅಜ್ಜಿ ಕಾರ್ಡನ್ನು ಹುಷಾರಾಗಿ ನನ್ನ ಕೈಗೆ ಕೊಟ್ಟಳು. ಕಾಳು ಹಾಗೇ ಇತ್ತು.

ಕಾರಿನಲ್ಲಿ ನನಗೆ ಸ್ವಲ್ಪ ಸಮಾಧಾನವಾದ ಮೇಲೆ ಅತ್ತೆ ಕೇಳಿದರು, “ನಾನು ಸರಿಯಾದ ಜಾಗದಲ್ಲಿ ನಿಂತದ್ದಾ?”

“ಇಲ್ಲ ಅತ್ತೆ. ಪ್ಲೂಟೊ ಒಂದು ಕಿಲೋಮೀಟರಿಗೇ ನಿಲ್ಲಬೇಕಿತ್ತು. ನೀವು ಎಲ್ಲ ಗ್ರಹಗಳನ್ನೂ ದಾಟಿ ಆಚೆ ಬಂದುಬಿಟ್ಟಿದ್ದೀರಿ.”

“ಹೌದಾ!” ಎಂದರು. ಹಿಂದಕ್ಕೆ ತಿರುಗಿ ರಸ್ತೆ ನೋಡಿದರು. “ಆಚೆ ಎಂತ ಉಂಟು?”

“ತುಂಬಾ ದೂರದವರೆಗೂ ಹೇಳಿಕೊಳ್ಳೋ ಅಂಥದ್ದು ಏನೂ ಇಲ್ಲ. ಆಮೇಲೆ ಇನ್ನೊಂದು ನಕ್ಷತ್ರ.”

“ಅದು ಎಷ್ಟು ದೂರ, ಇದೇ ಲೆಕ್ಕದಲ್ಲಿ?”

“ಏಳು ಸಾವಿರ ಕಿಲೋಮೀಟರು. ಹೆಚ್ಚುಕಡಿಮೆ ಊರಿಗೆ ಅರ್ಧ ದಾರಿ.”

ಅತ್ತೆ ಕಿಟಕಿಯ ಕಡೆ ತಿರುಗಿ ಉಳಿದಿದ್ದ ಕಿತ್ತಳೆ ತೊಳೆ ತಿನ್ನತೊಡಗಿದರು. ಊರಿನ ಮಾತು ಎತ್ತಬಾರದಿತ್ತು ಎಂದು ನನ್ನನ್ನು ನಾನೇ ಬೈದುಕೊಂಡೆ. ಮನೆಯ ಹತ್ತಿರ ತಿರುಗುವಾಗ ಅವರು ಸೆರಗಿನಿಂದ ಕೈ ಒರೆಸಿಕೊಂಡು, ನಿರ್ಧಾರ ಮಾಡಿದವರ ಹಾಗೆ ಹೇಳಿದರು:

“ಹಾಗಾದ್ರೆ ನಾಳೆ ಅವಲಕ್ಕಿ ಕಟ್ಟಿಕೊಂಡೇ ಹೊರಡುವ.”