ಆರು ವರ್ಷದ ಹಿಂದಿನ ಶರತ್ಕಾಲಕ್ಕೆ ಎರಡು ದಿನದ ಪ್ರವಾಸ

ಹಸಿರೆಲೆಯನ್ನು ಕೆಂಪಾಗಿಸಿ, ಕೆಂಪೆಲೆಯನ್ನು ಯಾರ ಸಹಿಗೂ ಕಾಯದೆ ಮಣ್ಣಿಗಿಳಿಸುವ ಕರುಣಾಳುವಾದ ಭಗವಂತನಿಗೆ ಮೊದಲು ಕೈಮುಗಿಯುತ್ತೇನೆ. ಆತ ನೆನಪು ಕೊಟ್ಟಷ್ಟನ್ನು ಹೇಳುತ್ತೇನೆ. ಹೆಚ್ಚುಕಮ್ಮಿಯಾದರೆ ತಪ್ಪು ನನ್ನದು, ಆತನದಲ್ಲ.

ಪರ್ವತ ನಿಸರ್ಗಧಾಮದ ಆಡಳಿತ ಕಚೇರಿಯು ಪರ್ವತದಿಂದ ನಲವತ್ತು ಮೈಲಿ ದೂರದಲ್ಲಿ, ಪೇಟೆಬೀದಿಯ ದರ್ಜಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಹಿಂದೆ ಒಂದು ಕಿಟಕಿಯಿಂದ ಪರ್ವತ ಕಾಣಿಸುತ್ತಿತ್ತಂತೆ. ಈಗ ಅದಕ್ಕೆ ಅಡ್ಡವಾಗಿ ಪರ್ವತದ ಕಡತಗಳ ಬೀರು ನಿಂತಿದೆ. ಒಂಬತ್ತು ಮಂದಿ ಇದ್ದೇವೆ. ನಾನು ಟಪಾಲು ಗುಮಾಸ್ತ. ಬಂದ ಕಾಗದಕ್ಕೆ ಸಂಖ್ಯೆ ಕೊಡುವುದು, ಹೋಗುವ ಕಾಗದಕ್ಕೆ ಬೇರೆ ಸಂಖ್ಯೆ ಕೊಡುವುದು ದೇವರು ನನಗೆ ವಹಿಸಿದ ಕೆಲಸ.

ನಮ್ಮ ಕಚೇರಿಯ ಅತಿ ಮುಖ್ಯ ಜವಾಬ್ದಾರಿ ಶರತ್ಕಾಲವನ್ನು ಜಾರಿಗೆ ತರುವುದು. ಪ್ರತಿ ವರ್ಷ ನಿಸರ್ಗಧಾಮದ ಗೇಟಿನ ಕಾವಲುಗಾರ ಎಲೆ ಕೆಂಪಾದ ಬಗ್ಗೆ ವರದಿ ಬರೆದು, ಒಂದು ಮಾದರಿ ಎಲೆಯನ್ನು ಗುಂಡುಸೂಜಿಯಿಂದ ಚುಚ್ಚಿ ಅಂಚೆಗೆ ಹಾಕುತ್ತಾನೆ. ನಾನು ಸಂಖ್ಯೆ ಕೊಡುತ್ತೇನೆ. ಸಾಹೇಬರು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, "ನೋಡಿದೆ" ಎಂದು ಶರಾ ಬರೆಯುತ್ತಾರೆ. ಟೈಪಿಸ್ಟ್ ಅಕ್ಕ ಸುತ್ತೋಲೆ ಹೊಡೆಯುತ್ತಾರೆ. ಸುತ್ತೋಲೆ ಗೇಟಿಗೆ ತಲುಪಿದ ದಿನ ಶರತ್ಕಾಲ ಶುರುವಾಗುತ್ತದೆ, ಗೇಟು ತೆರೆಯುತ್ತದೆ. ಎಲೆಯೆಲ್ಲ ಮುಗಿದ ಮೇಲೆ ಮುಕ್ತಾಯದ ಸುತ್ತೋಲೆ ಹೋಗುತ್ತದೆ. ಒಮ್ಮೆ ಹಿಂದಿನ ಸಾಹೇಬರೊಬ್ಬರು ರಜೆಯಲ್ಲಿದ್ದು ಹದಿನೇಳು ದಿನ ತಡವಾಯಿತು. ಆ ಹದಿನೇಳು ದಿನದಲ್ಲಿ ಉದುರಿದ ಎಲೆಗಳನ್ನು ಅನಧಿಕೃತವೆಂದು ಪರಿಗಣಿಸಿ ಕಾವಲುಗಾರನಿಂದ ವಿವರಣೆ ಕೇಳಲಾಯಿತು. ಅವನು ಕ್ಷಮೆ ಕೇಳಿದ. ಒಳ್ಳೆಯ ಮನುಷ್ಯ.

ಗೇಟು ತೆರೆದರೂ ಈವರೆಗೆ ಸಾರ್ವಜನಿಕರು ಯಾರೂ ಒಳಗೆ ಹೋಗಿಲ್ಲ. ಹಿಂದಿನ ಭೇಟಿಯಲ್ಲಿ ಗಿಡಮರಗಳಿಗೆ ಹಾನಿ ಮಾಡಿಲ್ಲವೆಂಬ ಪ್ರಮಾಣಪತ್ರವನ್ನು ಅರ್ಜಿಯ ಜೊತೆ ಕೊಡಬೇಕು. ಮೊದಲ ಸಲ ಹೋಗುವವರ ಬಳಿ ಅದು ಇರುವುದಿಲ್ಲ. ಹೀಗೆ ನಿಸರ್ಗ ಉಳಿದಿದೆ.

ನಮ್ಮ ರೆಕಾರ್ಡ್ ರೂಮನ್ನು ಮೂವತ್ತೊಂದು ವರ್ಷದಿಂದ ನೋಡಿಕೊಂಡು ಬಂದವರನ್ನು ನಾವೆಲ್ಲ ಕಡತದಣ್ಣ ಎನ್ನುತ್ತೇವೆ. ಅವರ ಹೆಂಡತಿ ಹಾಗಾಗಿ ಅತ್ತಿಗೆ. ಅಣ್ಣನಿಗೆ ಅರವತ್ತು ತುಂಬಿ, ಬರುವ ಸೋಮವಾರ ಸಂಜೆ ಐದಕ್ಕೆ ನಿವೃತ್ತಿ ಎಂದು ಗೊತ್ತಾಗಿತ್ತು. ಬೀಳ್ಕೊಡುಗೆಗೆ ಏನು ಬೇಕೆಂದು ಸಾಹೇಬರು ಕೇಳಿದರು. ಗೋಡೆ ಗಡಿಯಾರ ಎನ್ನುತ್ತಾರೆಂದು ನಾವು ಕಾದಿದ್ದೆವು.

"ಮೇಲಿನ ಕೊಳ ನೋಡ್ಬೇಕು ಸಾರ್," ಎಂದರು ಅಣ್ಣ. "ಎಲೆ ಕೆಂಪಗಿರೋವಾಗ. ನನ್ನವಳ ಜೊತೆ. ಮೂವತ್ತೊಂದು ವರ್ಷದಿಂದ ಮನೇಲಿ ಕೊಳ ಹಾಗಿದೆ, ಹೀಗಿದೆ ಅಂತ ಕಡತ ಓದಿ ಹೇಳ್ತಾ ಬಂದಿದೀನಿ. ಸೋಮವಾರ ಆದ್ಮೇಲೆ ನಾನೂ ಸಾರ್ವಜನಿಕ. ಆಮೇಲೆ ನನ್ನನ್ನ ಯಾರು ಬಿಡ್ತಾರೆ?"

ಸಾಹೇಬರ ಕಣ್ಣು ಒದ್ದೆಯಾಯಿತು. ಶನಿವಾರ, ಭಾನುವಾರ ಎರಡು ದಿನದ ಸಿಬ್ಬಂದಿ ಪ್ರವಾಸಕ್ಕೆ ಅಲ್ಲೇ ಆದೇಶವಾಯಿತು. ಕರಡನ್ನು ಅಣ್ಣನೇ ಬರೆದರು. "ಜಾರಿಯಲ್ಲಿರುವ ಶರತ್ಕಾಲದಲ್ಲಿ ಸಿಬ್ಬಂದಿಯು ಕುಟುಂಬದ ಒಬ್ಬರೊಡನೆ ಕೊಳದವರೆಗೆ ಹೋಗಿ ಬರತಕ್ಕದ್ದು. ಸಂತೋಷವನ್ನು ಗುಂಪಿನಲ್ಲಿಯೇ ಪಡತಕ್ಕದ್ದು. ಪ್ರತ್ಯೇಕವಾಗಿ ಸಂತೋಷಪಟ್ಟವರು ಮೂರು ದಿನದೊಳಗೆ ತಿಳಿಸತಕ್ಕದ್ದು."

ಶನಿವಾರ ಬೆಳಿಗ್ಗೆ ಕಚೇರಿಗೆ ಬೀಗ ಹಾಕಿ, ದೇವರ ಹೆಸರು ಹೇಳಿ ಬಸ್ಸು ಹತ್ತಿದೆವು. ಮಿಕ್ಕವರ ಕುಟುಂಬದವರಿಗೆ ಬೇರೆ ಕೆಲಸವಿತ್ತು. ಅತ್ತಿಗೆ ಒಬ್ಬರೇ ಬಂದು, ಊರುಗೋಲು ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದರು. ಮಧ್ಯಾಹ್ನಕ್ಕೆ ಗೇಟು ಸಿಕ್ಕಿತು. ಬಸ್ಸಿನಿಂದ ಇಳಿದರೆ ಎಲೆಯ ಸುರಿಮಳೆ. ಕೆಂಪು, ಕಿತ್ತಳೆ, ಹಳದಿ. ಸಾಹೇಬರ ತಲೆಯ ಮೇಲೊಂದು, ಭುಜದ ಮೇಲೆರಡು.

ಕಾವಲುಗಾರ ಗುಡಿಸಲಿನಿಂದ ಓಡಿಬಂದು ನಮಸ್ಕರಿಸಿದ. ಗೇಟು ಮಾತ್ರ ತೆರೆಯಲಿಲ್ಲ.

"ಶರತ್ಕಾಲ ಇನ್ನೂ ಬಂದಿಲ್ಲ ಸಾರ್," ಎಂದ.

ಸಾಹೇಬರು ಭುಜದ ಎಲೆ ತೆಗೆದು ಅವನ ಮುಂದೆ ಹಿಡಿದರು. "ಇದೇನಪ್ಪಾ?"

"ಎಲೆ ಸಾರ್. ಸುತ್ತೋಲೆ ಬಂದಿಲ್ಲ."

"ವರದಿ ಕಳಿಸಿದೀಯಾ?"

"ಬುಧವಾರವೇ ಹಾಕಿದೀನಿ ಸಾರ್. ಒಳ್ಳೆ ಎಲೆ ಆರಿಸಿ ಚುಚ್ಚಿದೀನಿ. ಇವತ್ತು ಬೆಳಿಗ್ಗೆ ತಲುಪಿರುತ್ತೆ."

ಎಲ್ಲರೂ ನನ್ನ ಕಡೆ ನೋಡಿದರು. ಕಚೇರಿಗೆ ಬೀಗ ಹಾಕಿದವನು ನಾನು. ವರದಿ ಖಂಡಿತ ಬಾಗಿಲಿನ ಡಬ್ಬಿಯಲ್ಲಿ ಬಿದ್ದಿರುತ್ತದೆ, ಆದರೆ ಅದಕ್ಕೆ ಸಂಖ್ಯೆ ಕೊಡಬೇಕಾದ ನಾನು, ನೋಡಬೇಕಾದ ಸಾಹೇಬರು, ಹೊಡೆಯಬೇಕಾದ ಅಕ್ಕ ಎಲ್ಲರೂ ಇಲ್ಲಿ ನಿಂತಿದ್ದೇವೆ. ದೇವರ ಲೀಲೆ ನಮ್ಮ ಬುದ್ಧಿಗೆ ನಿಲುಕುವುದಲ್ಲ.

"ನಾನೇ ಹೇಳ್ತಿದೀನಲ್ಲ, ತೆಗಿಯಪ್ಪಾ," ಎಂದರು ಸಾಹೇಬರು.

"ಹದಿನಾಲ್ಕನೇ ನಿಯಮ ಸಾರ್. ಬಾಯಿಮಾತಿನ ಮೇಲೆ, ಅದು ಸಾಹೇಬರದ್ದೇ ಆಗಿದ್ದರೂ, ಗೇಟು ತೆರೆಯಬಾರದು. ನೀವೇ ಬರೆದದ್ದು. ತುಂಬಾ ಚೆನ್ನಾಗಿದೆ ಸಾರ್. ಆಗಾಗ ಓದ್ತಿರ್ತೀನಿ."

ನಾವು ಗುಡಿಸಲಿನೊಳಗೆ ಇಣುಕಿದೆವು. ನಾಲ್ಕು ಗೋಡೆಗೂ ನೆಲದಿಂದ ಸೂರಿನವರೆಗೆ ನಮ್ಮ ಕಚೇರಿಯ ಸುತ್ತೋಲೆಗಳನ್ನು ವರ್ಷವಾರು ಅಂಟಿಸಿದ್ದ. ಓದಲು ಬೇರೇನೂ ಇಲ್ಲವಂತೆ, ಚಳಿಯೂ ತಡೆಯುತ್ತದಂತೆ. ನಮ್ಮ ಕಾಗದವನ್ನು ಓದುವವನೊಬ್ಬ ಭೂಮಿಯ ಮೇಲಿದ್ದಾನೆಂದು ಆ ದಿನ ತಿಳಿಯಿತು. ಟೈಪಿಸ್ಟ್ ಅಕ್ಕ ತಾವು ಹೊಡೆದ ಹಾಳೆಗಳನ್ನು ಗೋಡೆಯ ಮೇಲೆ ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಾಹೇಬರು ಸೋಲುವವರಲ್ಲ. ಇನ್ನೊಂದು ವರದಿ ಬರೆದುಕೊಡು, ಇಲ್ಲೇ ಸಹಿ ಹಾಕುತ್ತೇನೆ ಎಂದರು. ಒಂದು ವರ್ಷಕ್ಕೆ ಎರಡು ವರದಿ ಹೋದರೆ ಎರಡು ಶರತ್ಕಾಲ ಕೊಡಬೇಕಾಗುತ್ತದೆಂದು ಕಾವಲುಗಾರ ವಿನಯದಿಂದ ನೆನಪಿಸಿದ. ಬುಧವಾರದ ವರದಿಯ ನಕಲು ಪ್ರತಿ ಕೊಡಿಸೋಣವೆಂದರೆ, ಕಡತಕ್ಕೆ ಸೇರದ ಕಾಗದದ ನಕಲನ್ನು ತಾನು ದೃಢೀಕರಿಸಲಾರೆನೆಂದು ಕಡತದಣ್ಣನೇ ತಲೆ ತಗ್ಗಿಸಿ ಹೇಳಿದರು.

ಅತ್ತಿಗೆ ಗೇಟಿನ ಸರಳು ಹಿಡಿದು ನಿಂತಿದ್ದರು. "ಚೆನ್ನಾಗಿದೆ ರೀ ನಿಮ್ಮ ಸಂಭ್ರಮ. ಮೂವತ್ತೊಂದು ವರ್ಷ ಕೊಳ, ಕೊಳ ಅಂತ ನನ್ನ ತಲೆ ತಿಂದ್ರಿ. ಬಂದು ನೋಡಿದ್ರೆ ಗೇಟು."

"ಬೇಕಾದ್ರೆ ಕೊಳದ ಉದ್ದಗಲ ಹೇಳ್ತೀನಿ ಕಣೇ," ಎಂದರು ಅಣ್ಣ ಮೆಲ್ಲಗೆ.

"ನಿಮ್ಮ ಉದ್ದಗಲ ನೀವೇ ಇಟ್ಕೊಳ್ಳಿ."

ಅಂದು ಗೇಟಿನ ಮುಂದೆಯೇ ಬ್ರೆಡ್ಡು ತಿಂದು, ಪ್ರಾರ್ಥನೆ ಮಾಡಿ, ಬಸ್ಸಿನಲ್ಲೇ ಮಲಗಿದೆವು. ಅಣ್ಣನಿಗಾಗಿ ನಾನು ವಿಶೇಷವಾಗಿ ಬೇಡಿಕೊಂಡೆ. ಉಳಿದದ್ದು ಭಾನುವಾರವೊಂದೇ.

ಬೆಳಗಾದಾಗ ಅಣ್ಣ ಬಸ್ಸಿನಲ್ಲಿರಲಿಲ್ಲ. ಗುಡಿಸಲಿನ ಗೋಡೆಗೆ ಮೂಗು ತಾಗಿಸಿ ನಿಂತಿದ್ದರು. ಉತ್ತರದ ಗೋಡೆಯಲ್ಲಿ, ಸುತ್ತೋಲೆಗಳ ನಡುವೆ, ಒಂದು ಹಾಳೆಯಷ್ಟು ಜಾಗ ಬರೀ ಹಲಗೆ.

"ಇಲ್ಲಿ ಯಾಕಪ್ಪಾ ಖಾಲಿ?"

"ಆರು ವರ್ಷದ ಹಿಂದಿನ ಮುಕ್ತಾಯದ ಸುತ್ತೋಲೆ ಬರಲೇ ಇಲ್ಲ ಸಾರ್," ಎಂದ ಕಾವಲುಗಾರ. "ಬಂದಾಗ ಅಂಟಿಸೋಣ ಅಂತ ಜಾಗ ಬಿಟ್ಟಿದೀನಿ. ಗಾಳಿ ಅಲ್ಲಿಂದಲೇ ಬರೋದು."

ಅಣ್ಣನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಆ ವರ್ಷ ಇಡೀ ಕಚೇರಿಗೆ ಒಂದೇ ದಿನ ವರ್ಗವಾಗಿತ್ತು. ಉಳಿದವರು ಅಣ್ಣ ಮತ್ತು ನಾನು. ಆ ಗಡಿಬಿಡಿಯಲ್ಲಿ ಶರತ್ಕಾಲವನ್ನು ಮುಗಿಸುವವರೇ ಇರಲಿಲ್ಲ.

"ಸಾರ್!" ಎಂದು ಅಣ್ಣ ಹೊರಗೆ ಓಡಿದರು. ಅವರು ಓಡಿದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿಲ್ಲ. "ಆರು ವರ್ಷದ ಹಿಂದಿನ ಶರತ್ಕಾಲ ಮುಗಿದಿಲ್ಲ ಸಾರ್! ಅದು ಜಾರಿಯಲ್ಲಿದೆ! ನಮ್ಮ ಆದೇಶದಲ್ಲಿ ‘ಜಾರಿಯಲ್ಲಿರುವ ಶರತ್ಕಾಲ’ ಅಂತ ಇದೆ, ಇಂಥಾ ವರ್ಷದ್ದು ಅಂತ ಇಲ್ಲ!"

ಕಾವಲುಗಾರ ಆದೇಶವನ್ನು ಎರಡು ಸಲ ಓದಿದ. ಒಳಗೆ ಹೋಗಿ ಆರು ವರ್ಷದ ಹಿಂದಿನ ಪ್ರವೇಶ ಪುಸ್ತಕದ ಧೂಳು ಕೊಡವಿ ತಂದ. "ಸರಿಯಾಗಿದೆ ಸಾರ್. ಆ ಶರತ್ಕಾಲಕ್ಕೆ ಹೋಗಬಹುದು. ಆದರೆ ಆ ವರ್ಷ ಸಿಬ್ಬಂದಿ ಆಗಿದ್ದವರು ಮಾತ್ರ. ತಾವು ಆಗ ಎಲ್ಲಿದ್ದಿರಿ ಸಾರ್?"

"ಮೀನುಗಾರಿಕೆ ಇಲಾಖೆಯಲ್ಲಿ," ಎಂದರು ಸಾಹೇಬರು.

"ಹಾಗಾದ್ರೆ ಈ ಶರತ್ಕಾಲಕ್ಕೆ ತಾವು ಯಾರೋ. ದಯವಿಟ್ಟು ಸ್ವಲ್ಪ ಹಿಂದೆ ನಿಲ್ಲಬೇಕು."

ಸಾಹೇಬರು ಹಿಂದೆ ನಿಂತರು. ಅವರ ಮುಖದಲ್ಲಿ ದುಃಖವಿತ್ತು, ನಿಯಮ ಪಾಲನೆಯಾದ ತೃಪ್ತಿಯೂ ಇತ್ತು. ಆಮೇಲೆ ವರ್ಗವಾಗಿ ಬಂದ ಮಿಕ್ಕವರೂ ಹಿಂದೆ ಸರಿದರು. ಉಳಿದಿದ್ದು ಅಣ್ಣ, ಅತ್ತಿಗೆ, ನಾನು.

"ವಯಸ್ಸು?" ಎಂದ ಕಾವಲುಗಾರ, ಲೇಖನಿ ಹಿಡಿದು. "ಆ ವರ್ಷದ್ದು."

"ಐವತ್ತನಾಲ್ಕು," ಎಂದರು ಅಣ್ಣ.

"ಐವತ್ತೊಂದು," ಎಂದರು ಅತ್ತಿಗೆ, ನಾಚಿಕೊಂಡು.

"ಮಂಡಿನೋವು ಯಾವಾಗಿನಿಂದಮ್ಮಾ?"

"ಮೂರು ವರ್ಷ ಆಯ್ತಪ್ಪಾ."

"ಹಾಗಾದ್ರೆ ಆಗ ಇರಲಿಲ್ಲ. ಕೋಲು ಒಳಗೆ ಬಿಡೋ ಹಾಗಿಲ್ಲ."

ಅತ್ತಿಗೆ ಕೋಲನ್ನು ಗೇಟಿಗೆ ಒರಗಿಸಿದರು. ನನ್ನ ಕನ್ನಡಕಕ್ಕೆ ನಾಲ್ಕೇ ವರ್ಷವಾಗಿದ್ದರಿಂದ ಅದನ್ನೂ ಅವನ ಕೈಗೆ ಒಪ್ಪಿಸಿದೆ. ರಸೀದಿ ಕೊಟ್ಟ. ಓದಲು ನನಗೆ ಕಾಣಿಸಲಿಲ್ಲ.

ಹತ್ತುವ ದಾರಿ ಎರಡು ಗಂಟೆಯದು. ಅತ್ತಿಗೆ ಒಂದು ಕೈ ಅಣ್ಣನ ಹೆಗಲ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಸೀರೆ ಎತ್ತಿ ಹಿಡಿದು ನಡೆದರು.

"ಏನು ಮೈದುನಾ, ನೆಟ್ಟಗೆ ಮರಕ್ಕೇ ಹೋಗ್ತಿದೀಯಲ್ಲ," ಎಂದು ನನ್ನನ್ನು ಛೇಡಿಸಿದರು.

"ಮರ ಕಾಣ್ತಿಲ್ಲ ಅತ್ತಿಗೆ."

"ನಿನ್ನ ದೇವರನ್ನ ಕೇಳು, ಎಡಕ್ಕೋ ಬಲಕ್ಕೋ ಅಂತ."

ಕೇಳಿದೆ. ಎರಡು ಸಲ ಸರಿ ಹೇಳಿದ. ಮೂರನೆಯ ಸಲ ಮರಕ್ಕೆ ಢಿಕ್ಕಿ ಹೊಡೆದೆ. ನನ್ನ ಭಕ್ತಿಯಲ್ಲಿ ಕೊರತೆಯಿತ್ತು.

ಕೊಳದ ದಡದಲ್ಲಿ ಅತ್ತಿಗೆ ನಿಂತರು. ಕನ್ನಡಕವಿಲ್ಲದ ನನಗೆ ಕಂಡದ್ದು ನೆಲದ ಮೇಲೆ ಹರಡಿದ ಒಂದು ದೊಡ್ಡ ಕೆಂಪು ಬೆಳಕು, ಅಷ್ಟೆ. ದೇವರನ್ನೂ ನಾನು ಸ್ಪಷ್ಟವಾಗಿ ಕಂಡವನಲ್ಲ. ಕೈಮುಗಿಯಲು ಅಷ್ಟು ಸಾಕಾಯಿತು.

ಅಣ್ಣ ದಡದ ಎಲೆಗಳ ಮೇಲೆ ಕೂತ ಸದ್ದು ಕೇಳಿಸಿತು.

"ಯಾಕ್ರೀ, ಬಾಯಿ ಬಿಟ್ರೆ ಪುಟಸಂಖ್ಯೆ ಹೇಳ್ತಿದ್ದವರು ಸುಮ್ಮನಾದ್ರಿ?"

"ಕಡತದಲ್ಲಿ ಇಷ್ಟು ಇರಲಿಲ್ಲ ಕಣೇ," ಎಂದರು ಅಣ್ಣ.

"ನೀವು ಹೇಳಿದ್ದೂ ಸುಳ್ಳೇನಲ್ಲ ಬಿಡಿ," ಎಂದರು ಅತ್ತಿಗೆ. ಅವರು ಗಂಡನನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಇಬ್ಬರೂ ಪ್ರತ್ಯೇಕವಾಗಿ ಸಂತೋಷಪಟ್ಟಂತೆ ನನಗೆ ಅನುಮಾನ. ಆದರೆ ಕಣ್ಣು ಕಾಣದವನ ಸಾಕ್ಷಿ ನಡೆಯುವುದಿಲ್ಲವೆಂದು ನಾನು ತಿಳಿಸಲು ಹೋಗಲಿಲ್ಲ.

ಇಳಿದು ಬಂದಾಗ ಕಾವಲುಗಾರ ಅದೇ ಹಳೆಯ ಪುಸ್ತಕದಲ್ಲಿ ನಿರ್ಗಮನ ಬರೆದ, ಆರು ವರ್ಷದ ಹಿಂದಿನ ದಿನಾಂಕ ಹಾಕಿ. ಆ ಶರತ್ಕಾಲಕ್ಕೆ ಒಳಗೆ ಹೋದವರು ಇನ್ನೊಂದರಲ್ಲಿ ಹೊರಗೆ ಬರುವಂತಿಲ್ಲ. ಮೂವರೂ ಸಹಿ ಹಾಕಿದೆವು.

ಸೋಮವಾರ ಸಂಜೆ ಐದಕ್ಕೆ ಹಾರ, ಗಡಿಯಾರ ಎರಡೂ ಸಿದ್ಧವಿದ್ದವು. ಸಾಹೇಬರು ನಿವೃತ್ತಿ ಆದೇಶಕ್ಕೆ ಸಹಿ ಹಾಕಲು ಹೋಗಿ, ಲೇಖನಿಯನ್ನು ಕಾಗದದಿಂದ ಮೇಲೆತ್ತಿ ತಡೆದರು.

"ಒಂದು ತೊಡಕಿದೆ," ಎಂದರು. "ನಿರ್ಗಮನ ಪುಸ್ತಕದ ಪ್ರಕಾರ ನೀವು ನಿಸರ್ಗಧಾಮದಿಂದ ಹೊರಗೆ ಬಂದದ್ದು ಆರು ವರ್ಷದ ಹಿಂದೆ. ಆಗ ನಿಮಗೆ ಐವತ್ತನಾಲ್ಕು. ನೀವೇ ಸಹಿ ಹಾಕಿದ್ದೀರಿ. ಐವತ್ತನಾಲ್ಕಕ್ಕೆ ನಿವೃತ್ತಿ ಕೊಡೋಕೆ ನನಗೆ ಅಧಿಕಾರ ಇಲ್ಲ."

ಅಣ್ಣ ಅತ್ತಿಗೆಯ ಮುಖ ನೋಡಿದರು.

"ಇರಲಿ ಬಿಡಿ ಸಾಹೇಬ್ರೇ," ಎಂದರು ಅತ್ತಿಗೆ. "ಇವರು ಮನೇಲಿ ಕೂತ್ರೆ ಅಡುಗೆಮನೆ ಡಬ್ಬಿಗೆಲ್ಲ ನಂಬರು ಹಾಕ್ತಾರೆ. ಆದ್ರೆ ನನ್ನ ಐವತ್ತೊಂದನ್ನ ಬರವಣಿಗೆಯಲ್ಲಿ ಕೊಡಿ. ನನ್ನ ತಂಗಿಗೆ ತೋರಿಸ್ಬೇಕು. ಈಗ ಅವಳೇ ನನಗಿಂತ ದೊಡ್ಡವಳು."

ಬರವಣಿಗೆಯಲ್ಲಿ ಕೊಡಲಾಯಿತು. ಅವರ ತಂಗಿ ಮಾರನೆಯ ದಿನದಿಂದಲೇ ಅಕ್ಕನಾಗಿ ನಡೆದುಕೊಳ್ಳುತ್ತಿದ್ದಾರೆ. ಅಣ್ಣ ಈಗ ಪ್ರತಿ ವರ್ಷ ಅತ್ತಿಗೆಯೊಡನೆ ಅದೇ ಶರತ್ಕಾಲಕ್ಕೆ ಹೋಗಿ ಬರುತ್ತಾರೆ. ಹೋಗಿ ಬಂದ ದಿನ ಮತ್ತೆ ಐವತ್ತನಾಲ್ಕು. ಅವರಿಗೆ ಎಂದು ನಿವೃತ್ತಿ ಎಂಬ ಪ್ರಶ್ನೆ ಪರಿಶೀಲನೆಯಲ್ಲಿದೆ. ಅದರ ಕಡತವನ್ನು ಅವರೇ ನೋಡಿಕೊಳ್ಳುತ್ತಾರೆ. ಸಾಹೇಬರು ಮೀನುಗಾರಿಕೆ ಇಲಾಖೆಗೆ ಪತ್ರ ಬರೆದು, ಅಲ್ಲೇನಾದರೂ ಮುಗಿಸದೆ ಬಿಟ್ಟ ಮಳೆಗಾಲವಿದೆಯೇ ಎಂದು ವಿಚಾರಿಸಿದ್ದಾರೆ.

ನನಗೂ ಆರು ವರ್ಷ ಕಡಿಮೆಯಾಗಿದೆ. ನನ್ನ ಮಗಳಿಗೆ ನಾಲ್ಕು ವರ್ಷವಾದ್ದರಿಂದ, ದಾಖಲೆಯ ಪ್ರಕಾರ ಅವಳು ಇನ್ನೂ ಹುಟ್ಟಿಲ್ಲ. ಶಾಲೆಯವರು ಅರ್ಥಮಾಡಿಕೊಂಡರು, ಹುಟ್ಟಿದ ಮೇಲೆ ಕರೆತನ್ನಿ ಎಂದರು. ನನ್ನವಳು ಮೊದಲು ಸ್ವಲ್ಪ ಗೊಣಗಿದಳು, ಈಗ ಒಗ್ಗಿಕೊಂಡಿದ್ದಾಳೆ. ಸಂಜೆ ಮನೆಗೆ ಹೋದ ಕೂಡಲೇ ಮಗಳು ಓಡಿಬಂದು ಕಾಲು ತಬ್ಬಿಕೊಳ್ಳುತ್ತಾಳೆ.

"ಅಪ್ಪಾ, ನಾನು ಹುಟ್ಟಿದ್ನಾ?"

"ಇನ್ನೂ ಇಲ್ಲ ಮಗಳೇ."

"ಸರಿ," ಎಂದು ಆಟಕ್ಕೆ ಓಡುತ್ತಾಳೆ.

ಇಷ್ಟನ್ನು ತಾಳ್ಮೆಯಿಂದ ಕೇಳಿದ ನಿಮಗೆಲ್ಲ, ನಡುವೆ ತೂಕಡಿಸಿದವರಿಗೂ ಸೇರಿ, ಭಗವಂತ ಒಳ್ಳೆಯದನ್ನು ಮಾಡಲಿ. ನಿಮ್ಮವರಿಗೆ ತೋರಿಸಬೇಕೆಂದಿರುವ ಜಾಗವನ್ನು ಕಾಲಲ್ಲಿ ಕಸುವಿರುವಾಗಲೇ ತೋರಿಸಲಿ. ನೀವು ಹುಟ್ಟಿರುವ ಬಗ್ಗೆ ಯಾರೂ ಆಕ್ಷೇಪಣೆ ಎತ್ತದಿರಲಿ.