ರಿಜೆಕ್ಟ್ ಆದ ಭಕ್ರಿ

ನಮ್ಮ ಮಾವನವರು ದೇವರು ಪ್ರತ್ಯಕ್ಷನಾದರೂ ಮೊದಲು ಅಳತೆ ನೋಡಿ, ಆಮೇಲೆ ಕೈ ಮುಗಿಯುವವರು. ಪುಣೆ ಹತ್ತಿರದ ಚಾಕಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಿಡಿಭಾಗಗಳ ತಪಾಸಣೆ ಮಾಡಿ ನಿವೃತ್ತರಾದರು. ರಿಜೆಕ್ಟ್ ಮಾಡಲು ಅಲ್ಲಿ ಮಾಲು ಸಿಗದಂತಾದ ಮೇಲೆ ಮನೆಯಲ್ಲಿ ಸೊಸೆ ಸಿಕ್ಕಳು, ಅಂದರೆ ನಾನು!

ಒಂದು ವರ್ಷ ನನ್ನ ಜೋಳದ ಭಕ್ರಿ ರಿಜೆಕ್ಟ್. “ಗಟ್ಟಿ ಆಗ್ಯಾವ, ಇಳಿಯಂಗಿಲ್ಲ,” ಎಂದು ನೆಂಟರ ಮುಂದೆಯೂ ತಟ್ಟೆ ಸರಿಸುತ್ತಿದ್ದರು. ಗಿರಣಿ ಬದಲಿಸಿದೆ, ಹಾಲಿನಲ್ಲಿ ನೆನೆಸಿ ಕೊಟ್ಟೆ. ಇಪ್ಪತ್ತು ವರ್ಷ ಭಕ್ರಿ ಬಡಿದ ಕೈಗೆ ಈ ಬಹುಮಾನ ಬೇಕಿತ್ತೇ? ಕೊನೆಗೆ ಗಂಜಿಯೂ ಇಳಿಯದೆ ಮೈ ಸೊರಗಿದಾಗ ನಾನೇ ದವಾಖಾನೆಗೆ ಕರೆದೊಯ್ದೆ. ಹೊಟ್ಟೆಯ ಹುಳಿ ಮೇಲೆ ಬಂದು ಬಂದು ಅನ್ನನಾಳ ಕಿರಿದಾಗಿದೆಯಂತೆ. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಪುಟ್ಟ ಬಲೂನು ಉಬ್ಬಿಸಿ ಹಿಗ್ಗಿಸಬೇಕಂತೆ. ಭಕ್ರಿ ನಿರಪರಾಧಿ ಎಂದು ಮಾತ್ರ ಯಾರೂ ಹೇಳಲಿಲ್ಲ.

ಹಿಗ್ಗಿಸುವ ದಿನ ಬೆಳಿಗ್ಗೆಯಿಂದ ನೀರನ್ನೂ ಕುಡಿಯಬಾರದು ಎಂದಿದ್ದರು. ಇವರು ಪೂಜೆ ಮುಗಿಸಿ ಮೂರು ಉದ್ಧರಣೆ ತೀರ್ಥ ಕುಡಿದೇ ಬಂದರು. ತೀರ್ಥ ನೀರಲ್ಲ ಎಂದು ನರ್ಸಿನೊಂದಿಗೆ ಮರಾಠಿಯಲ್ಲಿ ವಾದ ಬೇರೆ. ಅದಕ್ಕೇ ಎರಡು ತಾಸು ತಡವಾಯಿತು.

ಒಪ್ಪಿಗೆ ಪತ್ರವನ್ನಂತೂ ಸಾಲು ಸಾಲಾಗಿ ತಪಾಸಣೆ ಮಾಡಿದರು. ಡಾಕ್ಟರು ಬೆಳಗಾವಿ ಕಡೆಯವರು, ತಾಳ್ಮೆಯ ಮನುಷ್ಯ.

“ಎಷ್ಟು ಮಿಲಿಮೀಟರ್ ಹಿಗ್ಗಸ್ತೀರಿ?”

“ಇವತ್ತ ಹನ್ನೆರಡ್ರಿ. ಮತ್ತೊಮ್ಮೆ ಬರಬೇಕಾಗಬಹುದು. ಗಂಟಲಿಗೆ ಔಷಧ ಹೊಡೀತೀವಿ, ನಿದ್ದಿ ಇಂಜೆಕ್ಷನ್ ಕೊಡ್ತೀವಿ. ಎಡಮಗ್ಗಲಾಗಿ ಮಲಗಿದ್ರ ಆತು.”

“ಅನ್ನನಾಳ ಹರದ್ರ?”

“ಭಾಳ ಅಪರೂಪ. ಮನಿಗೆ ಹೋದಮ್ಯಾಲೆ ಎದಿ ನೋವು, ಜ್ವರ ಬಂದ್ರ ತಕ್ಷಣ ಬರ್ರಿ. ನುಂಗಾಕ ಯಾವಾಗಿಂದ ತ್ರಾಸ ಅದ?”

“ವರ್ಷದ ಮ್ಯಾಲಾತು.”

“ಮನ್ಯಾಗ ಹೇಳಲಿಲ್ಲೇನ್ರಿ?”

ಮಾವನವರು ನನ್ನತ್ತ ನೋಡಲಿಲ್ಲ. “ದೊಡ್ಡ ರೋಗ ಇದ್ದೀತು ಅಂತ ಅಂಜಿಕಿ ಆತ್ರಿ. ತಪ್ಪು ಭಕ್ರಿ ಮ್ಯಾಲೆ ಹಾಕಿದೆ.”

ನನ್ನ ಮೈಯೆಲ್ಲ ಉರಿಯಿತು. ಅವರ ಅಂಜಿಕೆಗೆ ವರ್ಷವಿಡೀ ನಾನು ಮಾತು ಕೇಳಿದೆನೇ? “ಸಹಿ ಮಾಡ್ರಿ ಮಾಮಾ,” ಎಂದೆ, ಅಷ್ಟೇ. ಅವರನ್ನು ಒಳಗೆ ಕರೆದೊಯ್ದ ಮೇಲೆ ಹೊರಗಿನ ಬೆಂಚಿನ ಮೇಲೆ ಕೂತು, ಬೈಯಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಟ್ಟುಕೊಂಡೆ.

ಕೆಲಸ ಸುಸೂತ್ರವಾಗಿ ಮುಗಿಯಿತು. ಎಚ್ಚರವಾಗಿ ಒಂದು ತಾಸಿನ ನಂತರ ನರ್ಸು ಲೋಟದಲ್ಲಿ ನೀರು ತಂದು, ಗುಟುಕು ಗುಟುಕಾಗಿ ಕುಡಿಸಿರಿ ಎಂದಳು. ಮಾವನವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

“ಇಳೀತು,” ಎಂದರು, ಬಿದ್ದುಹೋದ ದನಿಯಲ್ಲಿ.

ಆಮೇಲೆ ಲೋಟವನ್ನು ನನ್ನತ್ತ ಚಾಚಿದರು. “ನಾ ಕುಡೀಲಿಲ್ಲಂತ ನೀನೂ ಮುಂಜಾನಿಂದ ಹನಿ ನೀರು ಮುಟ್ಟಿಲ್ಲ. ನಾ ನೋಡೀನಿ. ತಗೋ ಅವ್ವಾ, ಕುಡಿ.”

ಜೋಡಿಸಿಟ್ಟ ಮಾತೊಂದೂ ನೆನಪಾಗಲಿಲ್ಲ. ಮುಖ ತಿರುಗಿಸಿ ಅತ್ತುಬಿಟ್ಟೆ. ಆಮೇಲೆ ಆ ನೀರು ಕುಡಿದೆ.